ಜ್ವರಕ್ಕೂ ಒಂದು ಮಳೆಮಾಪಕ

(ಪರಿಸರ ಶಿಬಿರದಲ್ಲಿ ಮಾಡಿದ ಭಾಷಣದ ಬರಹರೂಪ)



ನಾನು ವೈದ್ಯನಲ್ಲ, ಕೃಷಿ ವಿಜ್ಞಾನಿ. ಆದರೂ ಇಂದು ಮನುಷ್ಯರ ಜ್ವರದ ಕುರಿತು ಮಾತನಾಡಲು ನಿಂತಿದ್ದೇನೆ. ರೋಗವನ್ನು ಗಮನಿಸುವ ಕ್ರಮ ತೋಟದಲ್ಲಿಯೂ ಊರಿನಲ್ಲಿಯೂ ಬಹುಮಟ್ಟಿಗೆ ಒಂದೇ ಎಂಬುದು ನನ್ನ ನಂಬಿಕೆ. ಮೈಸೂರು ಸಂಸ್ಥಾನದಲ್ಲಿದ್ದ ಲೆಸ್ಲಿ ಕೋಲ್ಮನ್ ಅಡಿಕೆಯ ಕೊಳೆರೋಗದ ಬಗ್ಗೆ 1910ರಲ್ಲಿಯೇ ಪುಸ್ತಕ ಪ್ರಕಟಿಸಿದರು. ಮಳೆ ಹಿಡಿಯುವ ಮುನ್ನವೇ ಬೋರ್ಡೋ ದ್ರಾವಣ ಹೊಡೆಯಬೇಕೆಂಬುದು ಈಗ ಎಲ್ಲ ಬೆಳೆಗಾರರಿಗೂ ತಿಳಿದಿದೆ. ಕಾಯಿ ಉದುರತೊಡಗಿದ ಮೇಲೆ ಕೊನೆಗಾರನನ್ನು ಹುಡುಕುತ್ತ ಅಲೆದವರ ಪಾಡನ್ನೂ ನೀವು ಬಲ್ಲಿರಿ.

ಫ್ಲೂ ಜ್ವರಕ್ಕೂ ಹೀಗೆಯೇ ಋತುವಿದೆ. ಕಾಶ್ಮೀರದಲ್ಲಿ ಅದು ಚಳಿಗಾಲದ ಕಾಯಿಲೆ. ನಮ್ಮಲ್ಲಿ ಮುಂಗಾರಿನ ತಿಂಗಳುಗಳಲ್ಲಿ ಹೆಚ್ಚುತ್ತದೆ, ಜನವರಿಯಿಂದ ಮಾರ್ಚ್‌ವರೆಗೆ ಇನ್ನೊಮ್ಮೆ ತಲೆಯೆತ್ತುತ್ತದೆ. 2023ರ ಮಾರ್ಚ್ 1ರಂದು ಹಾಸನ ಜಿಲ್ಲೆಯ ಆಲೂರು ಕಡೆಯ 82 ವರ್ಷದ ವೃದ್ಧರೊಬ್ಬರು ಎಚ್3ಎನ್2 ಸೋಂಕಿನಿಂದ ತೀರಿಕೊಂಡದ್ದು ಈ ಎರಡನೆಯ ಅವಧಿಯಲ್ಲಿಯೇ.

ನಮ್ಮ ಮೂರು ತಾಲ್ಲೂಕುಗಳ ಸ್ವರೂಪ ಬೇರೆ ಬೇರೆ. ಕಡೂರು ಮಳೆಯ ನೆರಳಿನ ಬಯಲು. ತರೀಕೆರೆಯ ಒಂದು ಮಗ್ಗುಲು ಕೆಮ್ಮಣ್ಣುಗುಂಡಿಯ ಬೆಟ್ಟ, ಲಕ್ಕವಳ್ಳಿಯ ಕಾಡು. ಅಜ್ಜಂಪುರ ಮೊದಲು ತರೀಕೆರೆಗೇ ಸೇರಿತ್ತು. ಮೂರನ್ನೂ ಬೆಸೆದಿರುವುದು ರೈಲು ಹಳಿ. ಬೆಂಗಳೂರು–ಹುಬ್ಬಳ್ಳಿ ಮಾರ್ಗ ಕಡೂರು, ಬೀರೂರು, ಅಜ್ಜಂಪುರಗಳನ್ನು ಹಾದು ಹೋಗುತ್ತದೆ. ಬೀರೂರಿನಲ್ಲಿ ಕವಲೊಡೆದ ಹಳಿ ತರೀಕೆರೆಯ ಮೂಲಕ ಶಿವಮೊಗ್ಗ ಸೇರುತ್ತದೆ. 1918ರ ಜೂನ್‌ನಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಮಹಾ ಇನ್‌ಫ್ಲುಯೆಂಜಾ ದೇಶದೊಳಗೆ ಹರಡಿದ್ದು ಇಂಥ ಹಳಿಗಳ ಮೇಲೆಯೇ. ಆಗ ದೇಶದಲ್ಲಿ ಸತ್ತವರು ಒಂದು ಕೋಟಿಗೂ ಮಿಕ್ಕಿದವರು.

ಇಂದು ಎಣಿಕೆಯ ವ್ಯವಸ್ಥೆಯೊಂದಿದೆ. 2004ರಲ್ಲಿ ಸಮಗ್ರ ರೋಗ ಕಣ್ಗಾವಲು ಯೋಜನೆ ಆರಂಭವಾಯಿತು. ಉಪಕೇಂದ್ರದ ಆರೋಗ್ಯ ಕಾರ್ಯಕರ್ತೆ ಲಕ್ಷಣಗಳನ್ನು, ವೈದ್ಯರು ತಮ್ಮ ಊಹೆಯನ್ನು, ಪ್ರಯೋಗಾಲಯವು ಖಚಿತ ಫಲಿತಾಂಶವನ್ನು ಬೇರೆ ಬೇರೆ ನಮೂನೆಗಳಲ್ಲಿ ಪ್ರತಿ ವಾರ ಬರೆಯುತ್ತಿದ್ದರು. 2018ರ ನವೆಂಬರ್‌ನಲ್ಲಿ ಕರ್ನಾಟಕವೂ ಸೇರಿ ಏಳು ರಾಜ್ಯಗಳಲ್ಲಿ ಇದು ಗಣಕಜಾಲಕ್ಕೆ ಏರತೊಡಗಿತು. 38 ಡಿಗ್ರಿ ಸೆಲ್ಸಿಯಸ್ ಅಥವಾ ಹೆಚ್ಚಿನ ಜ್ವರ, ಜೊತೆಗೆ ಕೆಮ್ಮು, ಶುರುವಾಗಿ ಹತ್ತು ದಿನ ಮೀರಿರಬಾರದು: ಇದು ಫ್ಲೂ ಮಾದರಿಯ ಕಾಯಿಲೆಯ ಲಕ್ಷಣ. ಆಸ್ಪತ್ರೆಗೆ ದಾಖಲಿಸಬೇಕಾಗಿ ಬಂದರೆ ಅದು ತೀವ್ರ ಉಸಿರಾಟದ ಸೋಂಕು. ಎಲ್ಲರ ಗಂಟಲು ದ್ರವವನ್ನೂ ಪರೀಕ್ಷಿಸುವುದಿಲ್ಲ; ಆಯ್ದ ಕೆಲವರದು ಸಾಕು. ತೋಟದಲ್ಲಿಯೂ ನಾವು ಪ್ರತಿ ಎಲೆಯನ್ನು ತಿರುಗಿಸಿ ನೋಡುವುದಿಲ್ಲವಷ್ಟೆ.

ಆದರೆ ಈ ವಾರ ಇಪ್ಪತ್ತು ಜನಕ್ಕೆ ಜ್ವರ ಎಂದರೆ ಏನೂ ಹೇಳಿದಂತಾಗಲಿಲ್ಲ. ಕಳೆದ ವರ್ಷಗಳ ಇದೇ ವಾರದಲ್ಲಿ ಎಷ್ಟಿತ್ತು? ಜುಲೈನಲ್ಲಿ ಇಪ್ಪತ್ತು ಸಹಜವಿರಬಹುದು, ಏಪ್ರಿಲ್‌ನಲ್ಲಿ ಅದೇ ಸಂಖ್ಯೆ ಎಚ್ಚರಿಕೆಯ ಗಂಟೆ. ಮಳೆಮಾಪಕದ ಹಾಗೆ, ಸುಮ್ಮನಿದ್ದ ದಿನಗಳಲ್ಲಿ ಸೊನ್ನೆ ಬರೆದಿಟ್ಟವನಿಗೆ ಮಾತ್ರ ಅತಿವೃಷ್ಟಿ ಯಾವುದೆಂದು ತಿಳಿಯುತ್ತದೆ.

ಮಲೆನಾಡಿಗೆ ಇದರಲ್ಲಿ ಇನ್ನೊಂದು ಸೂಕ್ಷ್ಮವಿದೆ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಗುರುತಿಸಲ್ಪಟ್ಟ ಮಂಗನ ಕಾಯಿಲೆ ಡಿಸೆಂಬರ್‌ನಿಂದ ಮೇವರೆಗೆ ಕಾಡುತ್ತದೆ. ಫ್ಲೂವಿನ ಎರಡನೆಯ ಅವಧಿ ಅದರೊಳಗೇ ಬೀಳುತ್ತದೆ. ಮಳೆಗಾಲದಲ್ಲಿ ಕೆಸರುಗದ್ದೆಗೆ ಇಳಿದವರಿಗೆ ಇಲಿಜ್ವರದ ಭಯ. ಮೊದಲ ಎರಡು ದಿನ ಮೂರೂ ಒಂದೇ ಬಗೆ: ಜ್ವರ, ತಲೆನೋವು, ಮೈಕೈ ನೋವು. ಊರಿನಲ್ಲಿ ಫ್ಲೂ ಎಷ್ಟಿದೆಯೆಂಬ ಲೆಕ್ಕ ಕೈಯಲ್ಲಿಲ್ಲದಿದ್ದರೆ ಕಾಡಿಗೆ ಸೊಪ್ಪಿಗೆ ಹೋದವನ ಜ್ವರವೂ "ಮಾಮೂಲಿ ಶೀತ"ವಾಗಿಬಿಡುತ್ತದೆ, ರಕ್ತಸ್ರಾವ ಕಾಣುವವರೆಗೆ.

ಲೆಕ್ಕ ತಪ್ಪುವುದು ಎಲ್ಲಿ? ನನ್ನ ಮನೆಯಲ್ಲೇ. ಒಂದು ಆಷಾಢದಲ್ಲಿ ಮೂವರು ಒಟ್ಟಿಗೆ ಮಲಗಿದೆವು. ಔಷಧಿ ಅಂಗಡಿಯಿಂದ ಮಾತ್ರೆ ತಂದು ನುಂಗಿದೆವು. ಅದರಲ್ಲಿ ಆಂಟಿಬಯೋಟಿಕ್ ಕೂಡ ಇತ್ತು. ವೈರಸ್ಸಿಗೆ ಅದು ನಾಟದೆಂದು ತಿಳಿದಿದ್ದ ನಾನೇ ನುಂಗಿದೆ! ನಾವು ಮೂವರೂ ಯಾವ ನಮೂನೆಯಲ್ಲಿಯೂ ಇಲ್ಲ.

ಕೋಳಿ ಸಾಕುವವರಿಗೂ ಒಂದು ಮಾತು. 2012ರಲ್ಲಿ ಹೆಸರಘಟ್ಟದಲ್ಲಿ, 2025ರಲ್ಲಿ ಬಳ್ಳಾರಿ ಮತ್ತು ಚಿಕ್ಕಬಳ್ಳಾಪುರ ಜಿಲ್ಲೆಗಳಲ್ಲಿ ಹಕ್ಕಿಜ್ವರ ದೃಢಪಟ್ಟಿತು. ಹಿತ್ತಲಿನ ಕೋಳಿಗಳು ಒಮ್ಮೆಗೇ ಸತ್ತರೆ ಹಳ್ಳಕ್ಕೆ ಎಸೆಯಬೇಡಿ, ಬರಿಗೈಯಲ್ಲಿ ಮುಟ್ಟಲೂ ಬೇಡಿ, ಪಶುವೈದ್ಯರಿಗೆ ತಿಳಿಸಿ. ಕಾಡಿನಲ್ಲಿ ಸತ್ತ ಮಂಗ ಕಂಡಾಗಲೂ ತಡಮಾಡದೆ ಆರೋಗ್ಯ ಕೇಂದ್ರಕ್ಕೆ ಹೇಳಿ.

ವಿದ್ಯಾರ್ಥಿಗಳಿಗೆ ಹೇಳುವುದು ಇಷ್ಟೆ. ನಿಮ್ಮ ಹಾಸ್ಟೆಲಿನಲ್ಲಿ ಒಂದು ನೋಟ್‌ಬುಕ್ ಇಡಿ. ಹೆಸರು ಬೇಡ, ದಿನಾಂಕ, ಜ್ವರ–ಕೆಮ್ಮು ಇರುವವರ ಸಂಖ್ಯೆ, ಒಟ್ಟು ಹಾಜರಿದ್ದವರ ಸಂಖ್ಯೆ. ಶನಿವಾರ ಅದನ್ನು ಆಶಾ ಕಾರ್ಯಕರ್ತೆಗೆ ತೋರಿಸಿ. ಮನೆಯಲ್ಲಿ ಅಜ್ಜ ಅಜ್ಜಿ, ಗರ್ಭಿಣಿಯರು ಇದ್ದರೆ ಮುಂಗಾರಿಗೆ ಮೊದಲು ಫ್ಲೂ ಲಸಿಕೆಯ ಬಗ್ಗೆ ವೈದ್ಯರನ್ನು ಕೇಳಿ. ವೈರಸ್ಸು ರೂಪ ಬದಲಿಸುತ್ತ ಹೋಗುವುದರಿಂದ ಹಿಂದಿನ ವರ್ಷದ ಲಸಿಕೆ ಈ ವರ್ಷಕ್ಕೆ ಸಾಲದು.

ಇನ್ನು ನಿಮ್ಮ ಪ್ರಶ್ನೆಗಳು. ಕೊಳೆರೋಗದ ಬಗ್ಗೆಯೂ ಕೇಳಬಹುದು.