ಹೊತ್ತು ನೋಡುವ ಹೂವು, ಕಾಲ ನೋಡುವ ಹೂವು
(ಬಾನುಲಿ ಭಾಷಣ)

ದೀಪಾವಳಿಯ ಹಿಂದುಮುಂದಿನ ದಿನಗಳಲ್ಲಿ ಮಾಗಡಿಯಿಂದ ರಾಮನಗರಕ್ಕೆ ಬಸ್ಸಿನಲ್ಲಿ ಹೋಗುವವರು ಕಿಟಕಿಯ ಪಕ್ಕದ ಜಾಗವನ್ನು ಹಿಡಿಯುವುದು ಒಳ್ಳೆಯದು. ದೂರದಲ್ಲಿ ಸಾವನದುರ್ಗದ ಬಂಡೆ, ಹತ್ತಿರದಲ್ಲಿ ತೆನೆ ಕಟ್ಟುತ್ತಿರುವ ರಾಗಿಯ ಹೊಲ. ಆ ಹೊಲದ ಅಂಚಿಗೆ, ಸೀರೆಗೆ ಜರಿ ಹಿಡಿಸಿದ ಹಾಗೆ, ಒಂದು ಹಳದಿಯ ಗೆರೆ. ಪೇಟೆಯಿಂದ ಬಂದ ಮಕ್ಕಳು ಅದನ್ನು ಕಂಡು, "ಅಗೋ, ಪುಟ್ಟ ಸೂರ್ಯಕಾಂತಿ" ಎಂದದ್ದನ್ನು ನಾನು ಕೇಳಿದ್ದೇನೆ. ಮಕ್ಕಳು ಪೂರ್ತಿ ತಪ್ಪು ಹೇಳಿದಂತಾಗಲಿಲ್ಲ. ಅದು ಹುಚ್ಚೆಳ್ಳು, ಉತ್ತರ ಕರ್ನಾಟಕದವರು ಗುರೆಳ್ಳು ಎನ್ನುವುದು ಇದನ್ನೇ. ಸೂರ್ಯಕಾಂತಿಯೂ ಹುಚ್ಚೆಳ್ಳೂ ಸೇವಂತಿಗೆಯ ಕುಟುಂಬಕ್ಕೆ ಸೇರಿದ ದಾಯಾದಿಗಳು. ಆದರೆ ದಾಯಾದಿಗಳಲ್ಲಿ ಮುಖದ ಹೋಲಿಕೆ ಇರುವಂತೆ ಸ್ವಭಾವದ ಹೋಲಿಕೆಯೂ ಇರಬೇಕೆಂಬ ನಿಯಮವಿಲ್ಲ. ಈ ಎರಡು ಹೂವುಗಳ ಸ್ವಭಾವಭೇದವನ್ನು ನಾನು ಪುಸ್ತಕದಿಂದ ಕಲಿಯಲಿಲ್ಲ. ನಮ್ಮ ಮನೆಯ ಒಂದು ವರ್ಷದ ರಾಗಿಯನ್ನು ಕಳೆದುಕೊಂಡು ಕಲಿತೆ. ಇಂದು ಆ ಕಥೆಯನ್ನು ಹೇಳಬೇಕೆಂದಿದ್ದೇನೆ.

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಎಂಬ ನಾಲ್ಕು ತಾಲ್ಲೂಕುಗಳು ಮೊದಲು ಬೆಂಗಳೂರು ಗ್ರಾಮಾಂತರ ಜಿಲ್ಲೆಯಲ್ಲಿದ್ದವು. 2007ರಲ್ಲಿ ರಾಮನಗರ ಜಿಲ್ಲೆ ಎನಿಸಿಕೊಂಡವು. 2025ರಲ್ಲಿ ಆ ಜಿಲ್ಲೆಗೆ ಬೆಂಗಳೂರು ದಕ್ಷಿಣ ಎಂಬ ಹೆಸರು ಬಂದಿತು. ಹೆಸರುಗಳು ಬದಲಾದರೂ ಮಣ್ಣು ಅದೇ ಕೆಂಪು ಮಣ್ಣು, ಮಳೆ ಅದೇ ಮಳೆ. ಇಲ್ಲಿಯ ರೇಷ್ಮೆಯ ಗೂಡು, ಮಾವು, ತೆಂಗು, ಚನ್ನಪಟ್ಟಣದ ಬೊಂಬೆ ಇವುಗಳನ್ನು ನಾಡೆಲ್ಲ ಬಲ್ಲದು. ಆದರೆ ಮಳೆಯನ್ನೇ ನಂಬಿದ ಹೊಲದ ಮುಖ್ಯ ದೇವತೆ ರಾಗಿ. ರಾಗಿಯನ್ನು ನಮ್ಮ ಹಿರಿಯರು ಎಂದೂ ಒಂಟಿಯಾಗಿ ಬಿತ್ತಿದವರಲ್ಲ. ಇಷ್ಟು ಸಾಲು ರಾಗಿಗೆ ಒಂದು ಸಾಲು ಅಕ್ಕಡಿ. ಅಕ್ಕಡಿಯಲ್ಲಿ ಅವರೆ, ತೊಗರಿ, ಜೋಳ, ಹರಳು, ಹುಚ್ಚೆಳ್ಳು. ಹುಚ್ಚೆಳ್ಳಿಗೆ ಹೊಲದ ಅಂಚಿನಲ್ಲಿಯೂ ಒಂದು ಸ್ಥಾನವುಂಟು. ದನಗಳು ಅದಕ್ಕೆ ಬಾಯಿ ಹಾಕುವುದಿಲ್ಲವಾದ್ದರಿಂದ ಅದು ಬೇಲಿಯ ಕೆಲಸವನ್ನೂ ಮಾಡುತ್ತದೆ. ವಿಸ್ಮಯದ ಸಂಗತಿಯೆಂದರೆ, ರಾಗಿಯೂ ಹುಚ್ಚೆಳ್ಳೂ ತವರಿನಲ್ಲಿಯೇ ನೆರೆಹೊರೆಯವು. ಎರಡೂ ಪೂರ್ವ ಆಫ್ರಿಕದ ಎತ್ತರದ ಭೂಮಿಯಲ್ಲಿ, ಇಥಿಯೋಪಿಯದ ಸುತ್ತಿನಲ್ಲಿ, ಮನುಷ್ಯನ ಕೈಗೆ ಬಂದ ಬೆಳೆಗಳು. ಬಹು ಪ್ರಾಚೀನ ಕಾಲದಲ್ಲಿಯೇ ಕಡಲು ದಾಟಿ ಬಂದ ಈ ಇಬ್ಬರೂ ನಮ್ಮ ಹೊಲಗಳಲ್ಲಿ ಇಂದಿಗೂ ಪಕ್ಕದಲ್ಲೇ ನಿಂತಿದ್ದಾರೆ.

ಸೂರ್ಯಕಾಂತಿಯ ಕಥೆ ಬೇರೆ. ಅದರ ತವರು ಉತ್ತರ ಅಮೆರಿಕ. ಹದಿನಾರನೆಯ ಶತಮಾನದಲ್ಲಿ ಯೂರೋಪಿಗೆ ಹೋಗಿ ತೋಟದ ಅಲಂಕಾರವಾಗಿದ್ದ ಈ ಗಿಡವನ್ನು ಎಣ್ಣೆಯ ಬೆಳೆಯಾಗಿ ದೊಡ್ಡದು ಮಾಡಿದವರು ರಷ್ಯದ ರೈತರು. 1969ರಲ್ಲಿ ಸೋವಿಯತ್ ದೇಶದಿಂದ ಎಣ್ಣೆತಳಿಗಳ ಬೀಜ ಭಾರತಕ್ಕೆ ಬಂದಿತು. 1980ರಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದಿಂದ ಬಿ.ಎಸ್.ಎಚ್.-1 ಎಂಬ ತಳಿ ಹೊರಬಂದಿತು. ಸೂರ್ಯಕಾಂತಿಯಲ್ಲಿ ನಮ್ಮ ದೇಶದ ಮೊದಲ ಸಂಕರ ತಳಿ ಅದು. ಆ ದಿನಗಳಲ್ಲಿ ಸೂರ್ಯಕಾಂತಿಯ ಬಗ್ಗೆ ಎಲ್ಲೆಲ್ಲಿಯೂ ಒಂದು ಮಾತು ಕೇಳಿಬರುತ್ತಿತ್ತು: ಇದು ಮೂರು ಕಾಲಕ್ಕೂ ಬರುವ ಬೆಳೆ. ಮುಂಗಾರಿಗೆ ಬಿತ್ತಿ, ಹಿಂಗಾರಿಗೆ ಬಿತ್ತಿ, ನೀರಿದ್ದರೆ ಬೇಸಗೆಗೂ ಬಿತ್ತಿ. ಸುಮಾರು 90 ದಿನಕ್ಕೆ ಕೊಯ್ಲು. ಈ ಮಾತು ಸುಳ್ಳಲ್ಲ. ಸತ್ಯವಾದ ಮಾತನ್ನು ಅರ್ಧ ಮಾತ್ರ ಕೇಳಿಸಿಕೊಳ್ಳುವವರು ಇರುತ್ತಾರೆ. ಅವರಲ್ಲಿ ನಾನೊಬ್ಬ.

1983ರಲ್ಲಿ ನಾನು ಬೆಂಗಳೂರಿನಲ್ಲಿ ಹೊಸದಾಗಿ ಅಧ್ಯಾಪಕನಾಗಿದ್ದೆ. ಊರಿನಲ್ಲಿ, ಮಾಗಡಿ ತಾಲ್ಲೂಕಿನಲ್ಲಿ, ನಮ್ಮದು ಮೂರು ಎಕರೆ ಬೆದ್ದಲು. ನಮ್ಮ ತಂದೆ ಅದರಲ್ಲಿ ರಾಗಿಯನ್ನಲ್ಲದೆ ಬೇರೆ ಬೆಳೆಯನ್ನು ಕನಸಿನಲ್ಲಿಯೂ ಕಂಡವರಲ್ಲ. ಎರಡು ಎಕರೆಗೆ ಸೂರ್ಯಕಾಂತಿ ಹಾಕೋಣವೆಂದು ನಾನು ಪಟ್ಟು ಹಿಡಿದೆ. ರಾಗಿಗಿಂತ ಹೆಚ್ಚು ದುಡ್ಡು, ಬೇಗ ಕೈಗೆ ಬರುವ ಫಸಲು, ಹೀಗೆಂದು ಕಾಗದದ ಮೇಲೆ ಲೆಕ್ಕ ಬರೆದು ತೋರಿಸಿದೆ. ಓದು ಬಾರದ ತಂದೆ ಆ ಕಾಗದವನ್ನು ಬಹಳ ಹೊತ್ತು ನೋಡಿದರು. "ಓದ್ದೋನು ಹೇಳ್ತಾವ್ನೆ, ಹಾಕಾನ ಬಿಡು" ಎಂದು ನನ್ನ ಅಣ್ಣನಿಗೆ ಹೇಳಿದರು. ಪುಷ್ಯ ಮಳೆಯಲ್ಲಿ, ಜುಲೈ ತಿಂಗಳ ಕೊನೆಯ ವಾರ, ಬೀಜ ಬಿತ್ತಿದೆವು. ಆ ಎರಡು ಎಕರೆಯಲ್ಲಿ ಅಕ್ಕಡಿಯಿಲ್ಲ, ಅವರೆಯಿಲ್ಲ, ಹುಚ್ಚೆಳ್ಳಿಲ್ಲ.

ಗಿಡ ಚೆನ್ನಾಗಿಯೇ ಬಂದಿತು. ಮೊಗ್ಗುಗಳು ಬೆಳಗ್ಗೆ ಪೂರ್ವಕ್ಕೂ ಸಂಜೆ ಪಶ್ಚಿಮಕ್ಕೂ ತಿರುಗುವುದನ್ನು ನೋಡಲು ಊರಿನ ಜನ ಬದುವಿನ ಮೇಲೆ ಬಂದು ನಿಲ್ಲುತ್ತಿದ್ದರು. ಸೂರ್ಯಕಾಂತಿ ದಿನವೆಲ್ಲ ಸೂರ್ಯನನ್ನು ಹಿಂಬಾಲಿಸುತ್ತದೆ ಎಂಬುದು ಎಳೆಯ ಗಿಡದ ಮಟ್ಟಿಗೆ ನಿಜ. ಹಗಲಿನಲ್ಲಿ ಕಾಂಡದ ಪೂರ್ವದ ಮಗ್ಗುಲು ಹೆಚ್ಚು ಬೆಳೆದು ತಲೆ ಪಶ್ಚಿಮಕ್ಕೆ ವಾಲುತ್ತದೆ; ರಾತ್ರಿ ಪಶ್ಚಿಮದ ಮಗ್ಗುಲು ಬೆಳೆದು ಅದು ಮತ್ತೆ ಪೂರ್ವಕ್ಕೆ ಬರುತ್ತದೆ. ಹೂವು ಅರಳಿದ ಮೇಲೆ ಈ ಓಲಾಟ ನಿಂತು, ಮುಖ ಪೂರ್ವಕ್ಕೆ ನೆಲೆಸುತ್ತದೆ. ಇದಕ್ಕೂ ಒಂದು ಪ್ರಯೋಜನವುಂಟೆಂದು ಕ್ಯಾಲಿಫೋರ್ನಿಯದ ವಿಜ್ಞಾನಿಗಳು 2016ರಲ್ಲಿ ತೋರಿಸಿಕೊಟ್ಟರು. ಪೂರ್ವಕ್ಕೆ ಮುಖ ಮಾಡಿದ ಹೂವು ಬೆಳಗಿನ ಬಿಸಿಲಿಗೆ ಬೇಗ ಬೆಚ್ಚಗಾಗುತ್ತದೆ. ಪಶ್ಚಿಮಕ್ಕೆ ತಿರುಗಿಸಿ ಇಟ್ಟ ಹೂವಿಗಿಂತ ಐದು ಪಟ್ಟು ಹೆಚ್ಚು ಜೇನ್ನೊಣಗಳು ಅದಕ್ಕೆ ಬರುತ್ತವೆ.

ಈ ಜೇನ್ನೊಣದಲ್ಲಿಯೇ ಎಲ್ಲವೂ ಅಡಗಿದೆ. ನಾವು ಒಂದು ಹೂವು ಎನ್ನುವ ಸೂರ್ಯಕಾಂತಿ ನಿಜವಾಗಿ ನೂರಾರು, ಕೆಲವೊಮ್ಮೆ ಸಾವಿರಕ್ಕೂ ಮಿಕ್ಕಿದ ಕಿರುಹೂಗಳ ಒಂದು ತಟ್ಟೆ. ಸುತ್ತಲಿನ ಹಳದಿಯ ದಳಗಳು ಬರಿಯ ಕರೆಯೋಲೆ. ಬೀಜ ಕಟ್ಟುವುದು ನಡುವಿನ ಕಿರುಹೂಗಳಲ್ಲಿ. ಅವು ಅಂಚಿನಿಂದ ಒಳಕ್ಕೆ, ಸುತ್ತು ಸುತ್ತಾಗಿ, ಒಂದು ವಾರದಿಂದ ಹತ್ತು ದಿನದವರೆಗೆ ಅರಳುತ್ತವೆ. ಒಂದು ಗಿಡದ ಪರಾಗ ಅದೇ ಗಿಡಕ್ಕೆ ಬಹುಮಟ್ಟಿಗೆ ಒಗ್ಗುವುದಿಲ್ಲ. ಪಕ್ಕದ ಗಿಡದಿಂದ ಜೇನ್ನೊಣ ಅದನ್ನು ಹೊತ್ತು ತರಬೇಕು. ಆ ಹತ್ತು ದಿನಗಳಲ್ಲಿ ಎಡೆಬಿಡದೆ ಮಳೆ ಹಿಡಿದರೆ ಪರಾಗ ತೊಳೆದುಹೋಗುತ್ತದೆ, ಜೇನ್ನೊಣ ಗೂಡು ಬಿಟ್ಟು ಬರುವುದಿಲ್ಲ. ಹೊಲಕ್ಕೆಲ್ಲ ಒಂದೇ ದಿನ ಬಿತ್ತಿದ್ದರಿಂದ ಹೊಲವೆಲ್ಲ ಒಂದೇ ವಾರ ಅರಳುತ್ತದೆ. ಗಿಡಕ್ಕಿರುವುದು ಒಂದೇ ತಲೆ. ತಪ್ಪಿದರೆ ತಪ್ಪಿತು.

ಈಗ ಲೆಕ್ಕ ಹಾಕಿ. ಜುಲೈ ಕೊನೆಯಲ್ಲಿ ಬಿತ್ತಿದ ಬೀಜ ಸುಮಾರು ಎರಡು ತಿಂಗಳಿಗೆ ಹೂ ಬಿಡುತ್ತದೆ. ಎಂದರೆ ಸೆಪ್ಟೆಂಬರ್ ಕೊನೆ. ಉತ್ತರೆ ಮುಗಿದು ಹಸ್ತ ಹುಟ್ಟುವ ಹೊತ್ತು. ನಮ್ಮ ಸೀಮೆಯಲ್ಲಿ ವರ್ಷದ ದೊಡ್ಡ ಮಳೆ ಬೀಳುವ ಕಾಲ ಅದೇ. ನಾನು ಕಾಗದದ ಮೇಲೆ ಬೆಲೆಯ ಲೆಕ್ಕ ಬರೆದಿದ್ದೆನೇ ಹೊರತು ಈ ಲೆಕ್ಕವನ್ನು ಬರೆದಿರಲಿಲ್ಲ. ಎರಡು ಎಕರೆ ಬಂಗಾರದಂತೆ ಅರಳಿ ನಿಂತ ವಾರದಲ್ಲಿಯೇ ಮೋಡ ಕವಿದು ಮಳೆ ಹಿಡಿಯಿತು. ಹಗಲು ರಾತ್ರಿ ಬಿಡಲಿಲ್ಲ.

ಅಕ್ಟೋಬರಿನಲ್ಲಿ ರಜೆಗೆ ಊರಿಗೆ ಹೋದಾಗ ತಂದೆ ನನ್ನನ್ನು ಹೊಲಕ್ಕೆ ಕರೆದುಕೊಂಡು ಹೋದರು. ಒಂದು ತಲೆಯನ್ನು ಮುರಿದು ಅಂಗೈಯಲ್ಲಿ ಉಜ್ಜಿ ಊದಿದರು. ಮುಕ್ಕಾಲು ಪಾಲು ಹಾರಿಹೋಯಿತು. ಜೊಳ್ಳು. ಗಟ್ಟಿಯಾಗಿದ್ದ ನಾಲ್ಕು ಕಾಳು ಅಂಚಿನಲ್ಲಿ ಉಳಿದಿದ್ದವು. ಅವುಗಳಿಗೆ ಗಿಳಿಗಳು ಸರದಿ ನಿಂತಿದ್ದವು. ಬೈಗುಳವನ್ನು ನಿರೀಕ್ಷಿಸಿ ನಾನು ತಲೆ ತಗ್ಗಿಸಿದ್ದೆ. ತಂದೆ ಪಕ್ಕದ ಹೊಲದ ಹುಚ್ಚೆಳ್ಳಿನ ಸಾಲನ್ನು ತೋರಿಸಿದರು. ಅದು ಆಗತಾನೇ ಮೊಗ್ಗೊಡೆಯುತ್ತಿತ್ತು. "ನೋಡು ಮಗಾ, ನಿನ್ನ ಹೂವು ಹೊತ್ತು ನೋಡ್ತದೆ, ಕಾಲ ನೋಡಾಕಿಲ್ಲ. ಅದು ಕಾಲ ನೋಡ್ತದೆ" ಎಂದರು. ಅಷ್ಟೇ.

ಆ ಮಾತಿನ ಹಿಂದಿರುವ ಶಾಸ್ತ್ರ ನನಗೆ ತಿಳಿದದ್ದು ಬಹಳ ದಿನಗಳ ಮೇಲೆ. ನಾವು ಬೆಳೆಯುವ ಸೂರ್ಯಕಾಂತಿಯ ತಳಿಗಳು ಹಗಲು ಎಷ್ಟು ಉದ್ದವಾಗಿದೆ ಎಂಬುದನ್ನು ಅಷ್ಟಾಗಿ ಲೆಕ್ಕಿಸುವುದಿಲ್ಲ. ಬಿತ್ತಿದ ದಿನದಿಂದ ಎಣಿಸಿಕೊಂಡು ತಮ್ಮ ಅವಧಿಗೆ ತಾವು ಅರಳುತ್ತವೆ. ಅದರಿಂದಲೇ ಅವು ಮೂರು ಕಾಲಕ್ಕೂ ಬರುವುದು. ಹುಚ್ಚೆಳ್ಳು ಹಾಗಲ್ಲ. ಹಗಲು ಕುಗ್ಗಿ ಇರುಳು ಬೆಳೆದದ್ದು ಗೊತ್ತಾದಮೇಲೆಯೇ ಅದು ಮೊಗ್ಗು ಕಟ್ಟುತ್ತದೆ. ನಮ್ಮ ಅಕ್ಷಾಂಶದಲ್ಲಿ ವರ್ಷದ ಅತಿ ದೀರ್ಘವಾದ ಹಗಲಿಗೂ ಅತಿ ಹ್ರಸ್ವವಾದ ಹಗಲಿಗೂ ಇರುವ ಅಂತರ ಒಂದೂವರೆ ಗಂಟೆ ಮಾತ್ರ. ಗಡಿಯಾರ ಕಟ್ಟಿದ ನಮಗೆ ತಿಳಿಯದ ಈ ವ್ಯತ್ಯಾಸ ಹೊಲದ ಅಂಚಿನ ಗಿಡಕ್ಕೆ ತಿಳಿಯುತ್ತದೆ. ಬಿತ್ತನೆ ಹದಿನೈದು ದಿನ ಹಿಂದುಮುಂದಾದರೂ ಅದು ಚಿತ್ತೆ, ಸ್ವಾತಿ ಮಳೆಗಳ ಹೊತ್ತಿಗೆ, ಮಳೆ ಇಳಿಮುಖವಾಗುವಾಗ, ಹೂವಾಗುತ್ತದೆ. ಜೇನ್ನೊಣ ಅದಕ್ಕೂ ಬೇಕು. ಆದರೆ ಒಂದು ಗಿಡದಲ್ಲಿ ಹತ್ತಾರು ಹೂವು, ಅವೂ ವಾರಗಟ್ಟಲೆ ಒಂದಾದಮೇಲೊಂದು. ಈ ವಾರದ ಹೂವನ್ನು ಮಳೆ ಕೆಡಿಸಿದರೆ ಮುಂದಿನ ವಾರದ್ದು ಕಾಳು ಕಟ್ಟುತ್ತದೆ. ಎಲ್ಲವನ್ನೂ ಒಂದೇ ಪಣಕ್ಕೆ ಒಡ್ಡುವ ಸ್ವಭಾವ ಅದರದಲ್ಲ. ಹೆಸರಿನಲ್ಲಿ ಹುಚ್ಚಿದ್ದರೂ ಅದರ ಬುದ್ಧಿ ನೆಟ್ಟಗಿದೆ.

ನಮ್ಮ ನಾಡ ಅವರೆಯೂ ಇದೇ ಜಾತಿಯ ಕಾಲಜ್ಞಾನಿ. ಮಾಗಡಿಯ ಅವರೆಯ ಸೊಗಡು ಮಾಗಿಯ ಚಳಿಯೊಂದಿಗೇ ಬರುತ್ತಿದ್ದುದು ಅದೂ ಹಗಲು ಕುಗ್ಗುವುದನ್ನು ಕಾದು ಹೂ ಬಿಡುತ್ತಿದ್ದುದರಿಂದ. ಹಗಲಿನ ಉದ್ದವನ್ನು ಲೆಕ್ಕಿಸದ ಹೆಬ್ಬಾಳ ಅವರೆಯ ತಳಿಗಳು ಬಂದಮೇಲೆ ಅವರೆಕಾಯಿ ಹೆಚ್ಚುಕಡಿಮೆ ವರ್ಷವೆಲ್ಲ ಮಾರುಕಟ್ಟೆಯಲ್ಲಿದೆ. ಅದರಿಂದ ರೈತನಿಗೆ ಉಪಕಾರವಾಗಿದೆ, ನಾನು ಅಲ್ಲಗಳೆಯುವುದಿಲ್ಲ. ಗಿಡಕ್ಕೆ ಕಾಲದ ಕಟ್ಟು ಬಿಚ್ಚಿದಾಗ ಆ ಕಟ್ಟನ್ನು ಮನುಷ್ಯ ತನ್ನ ತಲೆಯ ಮೇಲೆ ಹೊತ್ತುಕೊಳ್ಳಬೇಕಾಗುತ್ತದೆ ಎಂದಷ್ಟೇ ಹೇಳುತ್ತೇನೆ. ಮೊದಲು ಗಿಡವೇ ಪಂಚಾಂಗ ನೋಡುತ್ತಿತ್ತು. ಈಗ ನಾವು ನೋಡಬೇಕು.

ನೋಡಬಲ್ಲವರು ನೋಡಿಯೇ ಗೆದ್ದಿದ್ದಾರೆ. ಗುಂಡ್ಲುಪೇಟೆಯ ಕಡೆಯ ರೈತರು ಮುಂಗಾರಿಗೆ ಮುಂಚಿನ ಮಳೆಯಲ್ಲಿಯೇ, ಏಪ್ರಿಲ್ ಮೇ ತಿಂಗಳಲ್ಲಿ, ಸೂರ್ಯಕಾಂತಿ ಬಿತ್ತುತ್ತಾರೆ. ಊಟಿಗೆ ಹೋಗುವ ರಸ್ತೆಯ ಎರಡು ಪಕ್ಕ ಜೂನ್ ಕೊನೆ, ಜುಲೈಗಳಲ್ಲಿ ಹಳದಿಯ ಸಮುದ್ರವಾಗುತ್ತದೆ. ಹಸ್ತ ಚಿತ್ತೆಗಳ ದೊಡ್ಡ ಮಳೆ ಬರುವ ವೇಳೆಗೆ ಬೀಜ ಚೀಲ ಸೇರಿರುತ್ತದೆ. ಪ್ರವಾಸಿಗಳು ಕಾರು ನಿಲ್ಲಿಸಿ ಹೂವಿನ ಚಿತ್ರ ತೆಗೆದುಕೊಳ್ಳುತ್ತಾರೆ. ಹಿಂದಿರುವ ಮಳೆಯ ಲೆಕ್ಕ ಚಿತ್ರದಲ್ಲಿ ಬೀಳುವುದಿಲ್ಲ.

ನಮ್ಮ ಮನೆಯ ಕಥೆಗೆ ಮರಳುತ್ತೇನೆ. ಆ ವರ್ಷ ನಮ್ಮ ಹಗೇವಿಗೆ ರಾಗಿ ತುಂಬಲಿಲ್ಲ. ಉಳಿದ ಒಂದು ಎಕರೆಯ ರಾಗಿ ಸುಗ್ಗಿಯ ಬಳಿಕ ಕೆಲವೇ ತಿಂಗಳಿಗೆ ಮುಗಿಯಿತು. ರಾಗಿ ಬೆಳೆಯುವ ಮನೆಯವರು ಸಂತೆಯಲ್ಲಿ ರಾಗಿ ಕೊಳ್ಳುವುದು ಎಷ್ಟು ಅವಮಾನದ ಸಂಗತಿಯೆಂಬುದನ್ನು ನಮ್ಮ ಕಡೆಯವರೇ ಬಲ್ಲರು. ಅಣ್ಣ ಕತ್ತಲಾದ ಮೇಲೆ ಮೂಟೆಯನ್ನು ಮನೆಗೆ ತಂದ. ನಾನು ನನ್ನ ಸಂಬಳದಲ್ಲಿ ಹಣ ಕಳುಹಿಸಿದೆ. ತಾಯಿ ಅದನ್ನು ಮುಟ್ಟದೆ ಗಂಟು ಕಟ್ಟಿ ಇಟ್ಟಳು. ಹುಚ್ಚೆಳ್ಳಿನ ಚಟ್ನಿಪುಡಿಯನ್ನು ಪ್ರತಿ ವರ್ಷ ಡಬ್ಬಿಯಲ್ಲಿ ತುಂಬಿ ಬೆಂಗಳೂರಿಗೆ ಕಳುಹಿಸುತ್ತಿದ್ದವಳು ಆ ವರ್ಷ ಕಳುಹಿಸಲಿಲ್ಲ. ಅದು ಕೋಪವಲ್ಲ, ಮನೆಯಲ್ಲಿ ಹುಚ್ಚೆಳ್ಳು ಇರಲಿಲ್ಲ.

ಆದರೆ ತಂದೆ ಸೂರ್ಯಕಾಂತಿಯನ್ನು ಶಪಿಸಿದವರಲ್ಲ. ಸಂಕ್ರಾಂತಿ ಕಳೆದಮೇಲೆ, ಉಳಿದಿದ್ದ ಒಂದು ಹಿಡಿ ಬೀಜವನ್ನು ಬಾವಿಯ ಮಗ್ಗುಲ ಪಾತಿಗಳಲ್ಲಿ ಊರಿ ನೀರು ಕಟ್ಟಿದರು. ಯಾರಿಗೂ ಹೇಳಲಿಲ್ಲ. ಮಾರ್ಚಿಯಲ್ಲಿ, ನಿರ್ಮಲವಾದ ಆಕಾಶದ ಕೆಳಗೆ, ಅವು ಅರಳಿದವು. ಬಾವಿಯ ಮೇಲಿನ ಹೊಂಗೆ ಹೂವಿಗೆ ಬಂದ ಜೇನ್ನೊಣಗಳು ಹಾಗೆಯೇ ಇವುಗಳ ಮೇಲೂ ಇಳಿದವು. ಯುಗಾದಿ ಕಳೆದು ನಾನು ಹೋದಾಗ ತಂದೆ ಒಂದು ತಲೆಯನ್ನು ಮುರಿದು ನನ್ನ ಕೈಗೆ ಕೊಟ್ಟು, "ಊದು" ಎಂದರು. ಊದಿದೆ. ಒಂದು ಕಾಳೂ ಹಾರಲಿಲ್ಲ.

ಅಲ್ಲಿಂದ ಮುಂದೆ, ಅವರಿರುವ ತನಕ, ಹೊಲದಲ್ಲಿ ರಾಗಿ, ಅಂಚಿನಲ್ಲಿ ಹುಚ್ಚೆಳ್ಳು, ಬೇಸಗೆಗೆ ಬಾವಿಯ ಬಳಿ ನಾಲ್ಕು ಪಾತಿ ಸೂರ್ಯಕಾಂತಿ. ಎರಡು ಹೂವಿಗೂ ಅವರವರ ಜಾಗವನ್ನು ಅವರು ಕೊಟ್ಟರು. ಗೆದ್ದವರು ಯಾರು ಸೋತವರು ಯಾರು ಎಂಬ ಮಾತನ್ನು ಆಡಲಿಲ್ಲ.

ಇಂದು ಕರ್ನಾಟಕದ ಸೂರ್ಯಕಾಂತಿಯ ವಿಸ್ತೀರ್ಣ ಹಿಂದಿನ ಒಂದು ಪಾಲಿಗೆ ಇಳಿದಿದೆ. 1997ರಲ್ಲಿ ಬಾಗೇಪಲ್ಲಿಯ ಕಡೆ ಕಾಣಿಸಿಕೊಂಡು ಹಬ್ಬಿದ ನೆಕ್ರೋಸಿಸ್ ರೋಗ ಒಂದು ಕಾರಣ. ಹೊರದೇಶದ ಅಗ್ಗದ ಎಣ್ಣೆ ಇನ್ನೊಂದು. ನಮ್ಮ ಅಡಿಗೆಮನೆಯ ಸೂರ್ಯಕಾಂತಿ ಎಣ್ಣೆಯ ಬಹುಪಾಲು ಈಗ ಕಡಲಿನ ಮೇಲೆ ಬರುತ್ತದೆ. 2022ರಲ್ಲಿ ಉಕ್ರೇನಿನಲ್ಲಿ ಯುದ್ಧ ಹೊತ್ತಿಕೊಂಡಾಗ ರಾಮನಗರದ ಅಂಗಡಿಯಲ್ಲಿ ಎಣ್ಣೆಯ ಬೆಲೆ ಏರಿದ್ದನ್ನು ನಾವೆಲ್ಲ ಕಂಡೆವು. ಇತ್ತ ರಾಗಿಯ ಹೊಲಗಳು ಮಾವಿನ ತೋಪುಗಳಾಗಿ, ಮನೆಯ ನಿವೇಶನಗಳಾಗಿ ಕಡಮೆಯಾಗುತ್ತಿವೆ. ರಾಗಿ ಉಳಿದಲ್ಲಿಯೂ ಯಂತ್ರದ ಕೊಯ್ಲಿಗೆ ಅಡ್ಡಿಯೆಂದು ಅಕ್ಕಡಿಯ ಸಾಲನ್ನು ಬಿಡುವವರಿದ್ದಾರೆ. ಅವರನ್ನು ದೂರುವ ಅಧಿಕಾರ ನನಗಿಲ್ಲ. ಮೊದಲು ಬಿಡಿಸಿದವನೇ ನಾನು.

ಹೋದ ಕಾರ್ತಿಕದಲ್ಲಿ ಊರಿಗೆ ಹೋಗಿದ್ದೆ. ಅಣ್ಣನ ಮಗ ರಾಗಿ ಹಾಕಿದ್ದ. ಅಂಚಿನಲ್ಲಿ ಹಳದಿಯ ಗೆರೆಯಿತ್ತು. "ಬೀಜ ಎಲ್ಲಿಂದ ತಂದೆಯಪ್ಪ?" ಎಂದು ಕೇಳಿದೆ. "ಅಜ್ಜಿ ಮಡಕೇಲಿ ಇಟ್ಟಿದ್ದ ತಳಿಯೇ ಚಿಕ್ಕಪ್ಪ, ಪ್ರತಿ ವರ್ಷ ಒಂದು ಹಿಡಿ ಎತ್ತಿಡ್ತೀವಿ" ಎಂದ. ನಾನು ಬದುವಿನ ಮೇಲೆ ಕುಳಿತು ಬಹಳ ಹೊತ್ತು ಜೇನ್ನೊಣಗಳ ಸದ್ದನ್ನು ಕೇಳಿದೆ. ಊರಿನಿಂದ ಹೊರಡುವಾಗ ಆತ ನನ್ನ ಚೀಲದಲ್ಲಿ ಒಂದು ಡಬ್ಬಿ ಚಟ್ನಿಪುಡಿ ಇಟ್ಟ.