ಮುಟ್ಟಿ ನೋಡುವ ಸೂಕ್ಷ್ಮದರ್ಶಕ

(ದಾದರಿನ ರಾಜ್ಯೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ವೇದಿಕೆಯಿಂದ ನಾಡಿನ ಇತಿಹಾಸವನ್ನೋ ಕವಿಗಳ ಕೀರ್ತಿಯನ್ನೋ ಕುರಿತು ಮಾತನಾಡುವುದು ವಾಡಿಕೆ. ಈ ಸಲ ನಾವು ವಿಜ್ಞಾನದ ವಿಷಯವನ್ನು ಎತ್ತಿಕೊಂಡಿರುವುದಕ್ಕೆ ಕಾರಣವುಂಟು. ನಮ್ಮ ನೆರೆಮನೆಯ ಹುಡುಗಿಯೊಬ್ಬಳು ಕಾಲೇಜಿನಲ್ಲಿ ಜೀವವಿಜ್ಞಾನವನ್ನು ಓದುತ್ತಿದ್ದಾಳೆ. ಅವಳ ಅಜ್ಜಿ ಒಂದು ಸಂಜೆ, ‘ದಿನವಿಡೀ ಅದೇನು ಓದುತ್ತೀ?’ ಎಂದು ಕೇಳಿದರು. ಹುಡುಗಿ ಹೇಳಲು ಹೊರಟಳು. ಎರಡನೆಯ ವಾಕ್ಯಕ್ಕೇ ತಡವರಿಸಿ, ‘ಅದು ನಿಮಗೆ ಗೊತ್ತಾಗುವುದಿಲ್ಲ ಅಜ್ಜಿ, ಕನ್ನಡದಲ್ಲಿ ಅದಕ್ಕೆಲ್ಲ ಮಾತೇ ಇಲ್ಲ’ ಎಂದುಬಿಟ್ಟಳು. ಅಜ್ಜಿ ಸುಮ್ಮನಾದರು. ಆ ಮೌನ ನಮ್ಮನ್ನು ಬಹಳವಾಗಿ ಬಾಧಿಸಿತು. ಅವಳು ಓದುತ್ತಿದ್ದುದು ಪರಮಾಣು ಬಲ ಸೂಕ್ಷ್ಮದರ್ಶಕ ಎಂಬ ಉಪಕರಣದ ವಿಷಯ. ಆ ಅಜ್ಜಿಗೆ ಹೇಳುವಂತೆಯೇ ಅದನ್ನು ಇಂದು ತಮ್ಮೆದುರು ಹೇಳಲು ಪ್ರಯತ್ನಿಸುತ್ತೇವೆ.

ದಾದರಿನ ಮಾರುಕಟ್ಟೆಗೆ ಹೋದ ಗೃಹಿಣಿ ಬೆಂಡೆಕಾಯಿಯ ತುದಿಯನ್ನು ಮುರಿದು ನೋಡುತ್ತಾಳೆ. ಮಾವಿನಹಣ್ಣನ್ನು ಒತ್ತಿ ನೋಡುತ್ತಾಳೆ. ತೆಂಗಿನಕಾಯಿಯನ್ನು ತಟ್ಟಿ ನೋಡುತ್ತಾಳೆ. ಮನೆಗೆ ಬಂದು ಅಗುಳನ್ನು ಹಿಸುಕಿ ನೋಡುತ್ತಾಳೆ, ಪಾಕವನ್ನು ಎಳೆದು ನೋಡುತ್ತಾಳೆ, ಮಗುವಿನ ಹಣೆಯನ್ನು ಮುಟ್ಟಿ ನೋಡುತ್ತಾಳೆ. ಇವುಗಳಲ್ಲಿ ಯಾವುದೂ ಕಣ್ಣಿನ ಕೆಲಸವಲ್ಲ. ಆದರೂ ಕನ್ನಡ ಇವೆಲ್ಲಕ್ಕೂ ‘ನೋಡು’ ಎಂಬ ಮಾತನ್ನೇ ಸೇರಿಸುತ್ತದೆ. ನೋಡುವುದಕ್ಕೆ ಕಣ್ಣೇ ಬೇಕೆಂದಿಲ್ಲ ಎಂಬುದು ನಮ್ಮ ನುಡಿಗೆ ಮೊದಲಿನಿಂದ ಗೊತ್ತಿರುವ ಸಂಗತಿ. ನಮ್ಮ ದಾದರಿನಲ್ಲಿಯೇ ಅಂಧ ಬಾಲಕಿಯರಿಗಾಗಿ ಶತಮಾನ ದಾಟಿದ ಕಮಲಾ ಮೆಹ್ತಾ ಶಾಲೆಯಿದೆ. ಬ್ರೈಲ್ ಲಿಪಿ ಕಲಿತವರು ಬೆರಳ ತುದಿಯಿಂದ ಪುಟಗಟ್ಟಲೆ ಓದುತ್ತಾರೆ. 1951ರಲ್ಲಿ ರೂಪುಗೊಂಡ ಭಾರತಿ ಬ್ರೈಲಿನಲ್ಲಿ ಮರಾಠಿಯ ‘ಕ’ಕಾರಕ್ಕೂ ಕನ್ನಡದ ‘ಕ’ಕಾರಕ್ಕೂ ಚುಕ್ಕೆಗಳು ಒಂದೇ. ನಾವು ಹೇಳಹೊರಟಿರುವ ಉಪಕರಣವೂ ಹೀಗೆ ಬೆರಳಿನಿಂದ ಓದುವಂಥದು.

ಹಾಗಾದರೆ ಬೆಳಕಿನಿಂದ ಏಕೆ ನೋಡಬಾರದು? ಒಂದು ಮಿಲಿಮೀಟರನ್ನು ಹತ್ತು ಲಕ್ಷ ಪಾಲು ಮಾಡಿದರೆ ಒಂದು ಪಾಲಿಗೆ ನ್ಯಾನೊಮೀಟರ್ ಎಂದು ಹೆಸರು. ನಮ್ಮ ತಲೆಗೂದಲಿನ ದಪ್ಪ ಸುಮಾರು 80,000 ನ್ಯಾನೊಮೀಟರ್. ಶಾಲೆಯ ಸಾಮಾನ್ಯ ಸೂಕ್ಷ್ಮದರ್ಶಕದಲ್ಲಿ ಸುಮಾರು 200 ನ್ಯಾನೊಮೀಟರಿಗಿಂತ ಹತ್ತಿರವಿರುವ ಎರಡು ವಸ್ತುಗಳು ಒಂದಾಗಿ ಕಲಸಿಹೋಗುತ್ತವೆ. ಅದು ಬೆಳಕಿನ ಸ್ವಭಾವ. ಆದರೆ ವಂಶಗುಣಗಳನ್ನು ಹೊರುವ ಡಿ.ಎನ್.ಎ. ಎಳೆಯ ದಪ್ಪ ಕೇವಲ 2 ನ್ಯಾನೊಮೀಟರ್. ಜೀವಕೋಶವನ್ನು ಸುತ್ತಿರುವ ಪೊರೆಯ ದಪ್ಪ ಸುಮಾರು 5. ಎಲೆಕ್ಟ್ರಾನ್ ಸೂಕ್ಷ್ಮದರ್ಶಕಕ್ಕೆ ಇಷ್ಟು ಸಣ್ಣದು ಕಾಣುವುದೇನೋ ನಿಜ. ಆದರೆ ಅದರೊಳಗೆ ನಿರ್ವಾತವಿರಬೇಕು. ಆದ್ದರಿಂದ ವಸ್ತುವನ್ನು ಒಣಗಿಸಬೇಕು, ಇಲ್ಲವೆ ಹೆಪ್ಪುಗಟ್ಟಿಸಬೇಕು. ಜೀವವಾದರೋ ನೀರಿನಲ್ಲಿ ನಡೆಯುವ ವ್ಯಾಪಾರ. ಒಣಮೀನನ್ನು ನೋಡಿ ಮೀನಿನ ಈಜನ್ನು ತಿಳಿಯಲಾದೀತೆ?

1981ರಲ್ಲಿ ಸ್ವಿಟ್ಜರ್ಲೆಂಡಿನ ಜ್ಯೂರಿಕ್ ಬಳಿಯ ಐ.ಬಿ.ಎಂ. ಪ್ರಯೋಗಾಲಯದಲ್ಲಿ ಗೆರ್ಡ್ ಬಿನ್ನಿಗ್ ಮತ್ತು ಹೈನ್ರಿಚ್ ರೋರರ್ ಎಂಬವರು ಚೂಪಾದ ಮೊನೆಯೊಂದನ್ನು ಲೋಹದ ಮೇಲ್ಮೈಗೆ ಅತಿ ಸಮೀಪ ಒಯ್ದು, ನಡುವೆ ನುಸುಳುವ ವಿದ್ಯುತ್ತನ್ನು ಅಳೆದು, ಪರಮಾಣುಗಳ ಉಬ್ಬುತಗ್ಗುಗಳನ್ನು ಗುರುತಿಸಿದರು. 1986ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕದ ಪಾಲು ದೊರೆಯಿತು. ಆದರೆ ಆ ವಿಧಾನ ವಿದ್ಯುತ್ತು ಹರಿಯುವ ವಸ್ತುಗಳಿಗಷ್ಟೇ ಸಲ್ಲುತ್ತಿತ್ತು. ಅದೇ 1986ರಲ್ಲಿ ಬಿನ್ನಿಗ್, ಕ್ಯಾಲ್ವಿನ್ ಕ್ವೇಟ್, ಕ್ರಿಸ್ಟೋಫ್ ಗರ್ಬರ್ ಈ ಮೂವರು ವಿದ್ಯುತ್ತಿನ ಹಂಗಿಲ್ಲದ ಪರಮಾಣು ಬಲ ಸೂಕ್ಷ್ಮದರ್ಶಕವನ್ನು ಪ್ರಕಟಪಡಿಸಿದರು.

ಅದರ ರಚನೆ ಹೀಗಿದೆ. ಈಜುಕೊಳದಲ್ಲಿ ಧುಮುಕುವುದಕ್ಕೆ ಚಾಚಿದ ಹಲಗೆಯಂತೆ ಒಂದು ಪಟ್ಟಿ. ಉದ್ದ ಮಿಲಿಮೀಟರಿನ ಹತ್ತನೆಯ ಒಂದು ಪಾಲಿನಷ್ಟು. ಅದರ ತುದಿಯ ಕೆಳಗೆ ಕೆಲವೇ ನ್ಯಾನೊಮೀಟರ್ ಮೊಂಡಾದ ಮುಳ್ಳು. ಗ್ರಾಮಫೋನಿನ ಮುಳ್ಳು ತಟ್ಟೆಯ ಗೀರಿನಲ್ಲಿ ಏರಿಳಿಯುವಂತೆ ಈ ಮುಳ್ಳು ವಸ್ತುವಿನ ಮೇಲೆ ಸಾಲು ಸಾಲಾಗಿ ಸರಿಯುತ್ತದೆ. ಉಬ್ಬು ಬಂದರೆ ಪಟ್ಟಿ ಕೊಂಚ ಬಾಗುತ್ತದೆ. ಅಷ್ಟು ಅಲ್ಪವಾದ ಬಾಗನ್ನು ಅಳೆಯುವ ಉಪಾಯ ಮಕ್ಕಳಾಟದ್ದು. ಬಿಸಿಲಿಗೆ ಕನ್ನಡಿ ಹಿಡಿದು ಎದುರುಮನೆಯ ಗೋಡೆಯ ಮೇಲೆ ಬೆಳಕನ್ನು ಕುಣಿಸಿದ್ದು ನಮ್ಮಲ್ಲಿ ಎಲ್ಲರಿಗೂ ನೆನಪಿರಬೇಕು. ಕೈಯಲ್ಲಿ ಕನ್ನಡಿ ಎಳ್ಳಷ್ಟು ಅಲುಗಿದರೆ ಗೋಡೆಯ ಮೇಲಿನ ಬೆಳಕು ಮೊಳದುದ್ದ ಓಡುತ್ತದೆ. ಇಲ್ಲಿ ಪಟ್ಟಿಯ ಬೆನ್ನೇ ಕನ್ನಡಿ, ಲೇಸರ್ ಕಿರಣವೇ ಬಿಸಿಲು, ಬೆಳಕನ್ನು ಗುರುತಿಸುವ ಫಲಕವೇ ಗೋಡೆ.

ಇನ್ನು ಆಸನದ ಮಾತು. ಡಿ.ಎನ್.ಎ. ಎಳೆಯನ್ನು ಮಲಗಿಸಲು ಅದಕ್ಕಿಂತಲೂ ನಯವಾದ ನೆಲ ಬೇಕು. ಆ ನೆಲ ನಮ್ಮ ಹಳ್ಳಿಯ ಮಕ್ಕಳು ಹೆಕ್ಕಿ ಆಡುವ ಕಾಗೆಬಂಗಾರ, ಎಂದರೆ ಅಭ್ರಕ. ಅದರ ಮೇಲೆ ಅಂಟುಪಟ್ಟಿ ಒತ್ತಿ ಕಿತ್ತರೆ ಒಂದು ಪದರ ಎದ್ದುಬಂದು, ಪರಮಾಣುವಿನ ಅಳತೆಯಲ್ಲಿಯೂ ಸಪಾಟಾದ ಹೊಸ ಮೈ ತೆರೆಯುತ್ತದೆ. ಕಾಗೆಬಂಗಾರಕ್ಕೂ ಡಿ.ಎನ್.ಎ.ಗೂ ಋಣ ವಿದ್ಯುದಂಶವಿದ್ದು ಒಂದನ್ನೊಂದು ದೂಡುತ್ತವಾದ್ದರಿಂದ, ನಡುವೆ ಮೆಗ್ನೀಸಿಯಂ ಲವಣವನ್ನು ಬೆರೆಸಿ ರಾಜಿ ಮಾಡಿಸುತ್ತಾರೆ.

ಮುಖ್ಯ ಗುಣವೆಂದರೆ ಈ ಮುಳ್ಳು ನೀರಿನೊಳಗೂ ಕೆಲಸ ಮಾಡಬಲ್ಲದು. 1989ರಲ್ಲಿ ಕ್ಯಾಲಿಫೋರ್ನಿಯದ ಪಾಲ್ ಹ್ಯಾನ್ಸ್ಮಾ ಮತ್ತು ಸಂಗಡಿಗರು ರಕ್ತ ಹೆಪ್ಪುಗಟ್ಟುವಾಗ ಫೈಬ್ರಿನ್ ಎಂಬ ಪ್ರೋಟೀನಿನ ಕಣಗಳು ಒಂದಕ್ಕೊಂದು ಸೇರಿ ಎಳೆಗಳಾಗುವುದನ್ನು ನೀರಿನಲ್ಲಿಯೇ ಕಂಡರು. ಗಾಯವಾದಾಗ ನಮ್ಮ ಪ್ರಾಣವನ್ನು ಉಳಿಸುವ ಕ್ರಿಯೆ ಅದು.

ಅನಂತರ ಪೊರೆಗಳ ಸರದಿ ಬಂದಿತು. ಉಪ್ಪಿನಾಗರಗಳು ತಮಗೆಲ್ಲ ಪರಿಚಿತ. ಮುಂಬಯಿಯ ವಡಾಲಾ, ಭಾಂಡುಪ್‌ಗಳಲ್ಲಿಯೂ, ಗೋಕರ್ಣದ ಬಳಿಯ ಸಾಣಿಕಟ್ಟೆಯಲ್ಲಿಯೂ ಕಂಡಿರುತ್ತೀರಿ. ಅತಿ ಉಪ್ಪಾದ ನೀರಿನಲ್ಲಿ ಬಾಳುವ ಹ್ಯಾಲೊಬ್ಯಾಕ್ಟೀರಿಯಂ ಎಂಬ ಜೀವಿಯ ಪೊರೆಯಲ್ಲಿ ನೇರಿಳೆ ಬಣ್ಣದ ತೇಪೆಗಳಿವೆ. ಅದರೊಳಗಿನ ಪ್ರೋಟೀನು ಬಿಸಿಲಿನ ಶಕ್ತಿಯಿಂದ ಪ್ರೋಟಾನುಗಳನ್ನು ಹೊರಕ್ಕೆ ತಳ್ಳುವ ಪಂಪು. 1990ರ ದಶಕದಲ್ಲಿ ಆಂಡ್ರಿಯಾಸ್ ಎಂಗೆಲ್, ಡೇನಿಯಲ್ ಮುಲ್ಲರ್ ಮೊದಲಾದವರು ಮುಳ್ಳಿನಿಂದ ತಡವಿ, ಆ ಪ್ರೋಟೀನುಗಳು ಮೂರು ಮೂರಾಗಿ ಸಾಲುಗಟ್ಟಿ ಕುಳಿತಿರುವುದನ್ನು ತೋರಿಸಿದರು. 2010ರಲ್ಲಿ ಜಪಾನಿನ ಕನಜಾವಾ ವಿಶ್ವವಿದ್ಯಾಲಯದ ತೋಷಿಯೊ ಆಂಡೊ ಅವರ ತಂಡ ಅತಿ ವೇಗದ ಉಪಕರಣದಿಂದ, ಬೆಳಕು ಬಿದ್ದೊಡನೆ ಅವು ರೂಪ ಬದಲಿಸುವುದನ್ನು ಚಲಚ್ಚಿತ್ರವಾಗಿಯೇ ಹಿಡಿಯಿತು.

ಮುಟ್ಟಿ ನೋಡಿದ್ದಾಯಿತು, ಇನ್ನು ಎಳೆದು ನೋಡುವುದು. ಪಾಕಕ್ಕೆ ಎಳೆ ಬಂದಿದೆಯೇ ಎಂದು ಎರಡು ಬೆರಳ ನಡುವೆ ಎಳೆಯುವಂತೆ, ಮಡಚಿಕೊಂಡಿರುವ ಪ್ರೋಟೀನಿನ ಒಂದು ತುದಿ ನೆಲಕ್ಕೂ ಇನ್ನೊಂದು ತುದಿ ಮುಳ್ಳಿಗೂ ಅಂಟಿದಾಗ ಮೆಲ್ಲನೆ ಎಳೆಯುತ್ತಾರೆ. 1997ರಲ್ಲಿ ಜರ್ಮನಿಯ ಮ್ಯೂನಿಕ್ಕಿನಲ್ಲಿ ಹರ್ಮನ್ ಗಾಬ್ ಅವರ ತಂಡ ಸ್ನಾಯುಗಳಲ್ಲಿರುವ ಟೈಟಿನ್ ಎಂಬ ಪ್ರೋಟೀನನ್ನು ಎಳೆದಾಗ, ಅದರ ಮಡಿಕೆಗಳು ಒಂದೊಂದಾಗಿ ಬಿಚ್ಚಿ, ಬಲದ ಗೆರೆ ಗರಗಸದ ಹಲ್ಲಿನಂತೆ ಮೂಡಿತು. ಇಂಥ ಕೆಲಸ ನಮ್ಮ ಮುಂಬಯಿಯಲ್ಲಿಯೂ ನಡೆದಿದೆ. ಕೊಲಾಬಾದ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯಲ್ಲಿ ಪ್ರೊ. ಶ್ರೀರಾಮ ಕೋಟಿ ಐನವರಪು ಅವರ ತಂಡ ಸುಮೋ ಎಂಬ ಪುಟ್ಟ ಪ್ರೋಟೀನುಗಳನ್ನು ಹೀಗೆಯೇ ಎಳೆದು ಅವುಗಳ ಬಿಗಿಯನ್ನು ಅಳೆದಿದೆ. ಆ ಸಂಸ್ಥೆಗೂ ನಮಗೂ ಒಂದು ಸಂಬಂಧವುಂಟು. ಅದು ಹುಟ್ಟಿದ್ದು 1945ರಲ್ಲಿ ಬೆಂಗಳೂರಿನಲ್ಲಿ; ಅದೇ ವರ್ಷದ ಕೊನೆಗೆ ಮುಂಬಯಿಗೆ ಬಂದು ನೆಲೆಸಿತು. ಅದೂ ನಮ್ಮಂತೆ ವಲಸೆ ಬಂದದ್ದೇ! ಮುಂದೆ ತನ್ನ ಜೀವವಿಜ್ಞಾನ ಕೇಂದ್ರವನ್ನು ಅದು ಬೆಂಗಳೂರಿನಲ್ಲಿಯೇ ಸ್ಥಾಪಿಸಿತು.

ಇದರಿಂದ ಜನಕ್ಕೇನು ಪ್ರಯೋಜನ ಎಂದು ತಾವು ಕೇಳಬಹುದು. ನಮ್ಮ ಕೆಂಪು ರಕ್ತಕಣ ತನಗಿಂತ ಕಿರಿದಾದ ನಾಳಗಳಲ್ಲಿ ಮೈ ಮಡಚಿ ನುಸುಳಬೇಕು. ಕುಡಗೋಲು ಕಣದ ರಕ್ತಹೀನತೆಯಲ್ಲಿ ಹಿಮೊಗ್ಲೋಬಿನ್ನಿನ ಸರಪಣಿಯೊಂದರ ಒಂದೇ ಒಂದು ಕೊಂಡಿ ಬದಲಾಗಿರುತ್ತದೆ. ಅಷ್ಟರಿಂದಲೇ ಕಣ ಪೆಡಸಾಗಿ, ನಾಳದಲ್ಲಿ ಸಿಕ್ಕಿಕೊಂಡು, ರೋಗಿಗೆ ಸಹಿಸಲಾಗದ ನೋವು ಬರುತ್ತದೆ. ಮೈಸೂರು, ಚಾಮರಾಜನಗರ ಸೀಮೆಯ ಕೆಲವು ಆದಿವಾಸಿ ಕುಟುಂಬಗಳಲ್ಲಿ ಈ ರೋಗವಿದೆ, ಮಹಾರಾಷ್ಟ್ರದಲ್ಲಿಯೂ ಇದೆ. ದಾದರಿನ ನೆರೆಯ ಪರೇಲಿನಲ್ಲಿ, ಕೆ.ಇ.ಎಂ. ಆಸ್ಪತ್ರೆಯ ಆವರಣದಲ್ಲಿರುವ ರಾಷ್ಟ್ರೀಯ ಸಂಸ್ಥೆಯೊಂದು ಇಂಥ ರಕ್ತರೋಗಗಳ ಅಧ್ಯಯನಕ್ಕಾಗಿಯೇ ಇದೆ. ರೋಗವನ್ನು ಪತ್ತೆಮಾಡಲು ಹಿಮೊಗ್ಲೋಬಿನ್ ಪರೀಕ್ಷೆಯೇ ಬೇಕು. ಅದನ್ನು ಈ ಮುಳ್ಳು ಮಾಡುವುದಿಲ್ಲ. ಆದರೆ ಕಣವನ್ನು ಮಾವಿನಹಣ್ಣಿನಂತೆ ಒತ್ತಿ ನೋಡಿ, ಅದು ಎಷ್ಟು ಪೆಡಸಾಯಿತು, ಔಷಧ ಕೊಟ್ಟರೆ ಎಷ್ಟು ಮೆತ್ತಗಾಯಿತು ಎಂದು ಅಳೆಯುವ ದಾರಿಯನ್ನು ಅದು ಸಂಶೋಧಕರಿಗೆ ತೆರೆದಿದೆ.

ಇಷ್ಟನ್ನೂ ನಾವು ಮೊನ್ನೆ ಆ ಅಜ್ಜಿಯ ಮುಂದೆ ಹೇಳಿದೆವು. ಮೊಮ್ಮಗಳೂ ಕುಳಿತಿದ್ದಳು. ಎಲ್ಲವನ್ನೂ ಕೇಳಿ ಅಜ್ಜಿ ಅವಳ ಕಡೆ ತಿರುಗಿ, ‘ಅಲ್ಲ ಮಾರಾಯ್ತಿ, ಹಿಸುಕಿದರೆ ಅಗುಳು ನುರಿದು ಹೋಗುವುದಿಲ್ಲವೇ? ಆಮೇಲೆ ನೀನು ನೋಡಿದ್ದು ಅಗುಳನ್ನೋ, ನಿನ್ನ ಬೆರಳಿನ ಗುರುತನ್ನೋ?’ ಎಂದು ಕೇಳಿದರು.

ಮಹನೀಯರೆ, ವಿಜ್ಞಾನಿಗಳನ್ನು ವರ್ಷಗಟ್ಟಲೆ ಕಾಡಿದ ಪ್ರಶ್ನೆಯೇ ಅದು! ಮುಳ್ಳು ಜೋರಾಗಿ ಒತ್ತಿದರೆ ಪೊರೆ ಹರಿಯುತ್ತದೆ, ಎಳೆ ಕೊಚ್ಚಿಹೋಗುತ್ತದೆ. ಮುಳ್ಳಿನ ಮೊಂಡುತನವೂ ಚಿತ್ರದಲ್ಲಿ ಸೇರುವುದರಿಂದ, 2 ನ್ಯಾನೊಮೀಟರ್ ದಪ್ಪದ ಡಿ.ಎನ್.ಎ. ಹಲವು ಪಾಲು ಅಗಲವಾಗಿ ತೋರುತ್ತದೆ. ಆದ್ದರಿಂದ ಎತ್ತರವನ್ನು ನಂಬಿದಷ್ಟು ಅಗಲವನ್ನು ನಂಬಬಾರದು. ಒತ್ತಡವನ್ನು ತಗ್ಗಿಸುವುದಕ್ಕಾಗಿ 1990ರ ದಶಕದಲ್ಲಿ ಮುಳ್ಳನ್ನು ಎಳೆದಾಡದೆ, ಕ್ಷಣಕ್ಷಣವೂ ಹಗುರವಾಗಿ ತಟ್ಟುತ್ತ ಸಾಗುವ ಪದ್ಧತಿ ಬಂದಿತು. ಹುಡುಗಿ ಇದನ್ನು ವಿವರಿಸಲು ಒಂದು ಕ್ಷಣ ತಡೆದು, ‘ತೆಂಗಿನಕಾಯಿ ತಟ್ಟಿ ನೋಡಿದ ಹಾಗೆ ಅಜ್ಜಿ’ ಎಂದಳು. ಆಮೇಲೆ ಅವರಿಬ್ಬರ ಮಾತಿಗೆ ನಮ್ಮ ಅಗತ್ಯ ಬೀಳಲಿಲ್ಲ.

ಪಾರಿಭಾಷಿಕ ಪದಗಳೆಲ್ಲ ಕನ್ನಡದಲ್ಲಿ ಸಿದ್ಧವಾಗಿವೆ ಎಂದು ನಾವು ಹೇಳುವುದಿಲ್ಲ. ಪ್ರೋಟೀನು, ಲೇಸರುಗಳನ್ನು ಹಾಗೆಯೇ ಬಳಸಿದ್ದೇವೆ, ಅದರಲ್ಲಿ ನಾಚಿಕೆಯಿಲ್ಲ. ನಮ್ಮ ಹಿರಿಯರಲ್ಲಿ ಎಷ್ಟೋ ಮಂದಿ ಈ ಊರಿನಲ್ಲಿ ಹಗಲು ಹೋಟೆಲಿನಲ್ಲಿ ದುಡಿದು, ರಾತ್ರಿಶಾಲೆಯ ದೀಪದಡಿಯಲ್ಲಿ ಕನ್ನಡದಲ್ಲಿಯೇ ವಿಜ್ಞಾನ ಕಲಿತರು. ಶಿವರಾಮ ಕಾರಂತರು ನಾಲ್ಕು ಸಂಪುಟಗಳ ‘ವಿಜ್ಞಾನ ಪ್ರಪಂಚ’ವನ್ನು ಇಂಥ ಓದುಗರನ್ನು ನಂಬಿಯೇ ಬರೆದಿರಬೇಕು. ನಮ್ಮ ಮಕ್ಕಳು ಯಾವ ಭಾಷೆಯಲ್ಲಾದರೂ ಓದಲಿ. ಓದಿದ್ದನ್ನು ಮನೆಗೆ ಬಂದು ಅಜ್ಜಿಗೆ ಹೇಳಲಿ; ಅಜ್ಜಿಯ ಪ್ರಶ್ನೆಗೆ ಉತ್ತರ ಹುಡುಕಲಿ.

ಕನ್ನಡದಲ್ಲಿ ಪೊರೆ ಎಂದರೆ ತೆಳುವಾದ ಹೊದಿಕೆ. ಪೊರೆ ಎಂದರೆ ಕಾಪಾಡು, ಸಲಹು ಎಂದೂ ಅರ್ಥ. ಜೀವಕೋಶದ ಪೊರೆ ಎರಡನ್ನೂ ಮಾಡುತ್ತದೆ. ಬೇಕಾದುದನ್ನು ಒಳಕ್ಕೆ ಬಿಟ್ಟುಕೊಳ್ಳುತ್ತ ಒಳಗಿನದನ್ನು ಕಾಯುತ್ತದೆ. ಪರನಾಡಿನಲ್ಲಿರುವ ನಮ್ಮ ಸಂಘಗಳ ಕೆಲಸವೂ ಅಷ್ಟೇ ಎಂದು ನಮ್ಮ ಭಾವನೆ.