ಮನೆಯಲ್ಲೇ ಓದುವ ಮಕ್ಕಳ ಜೊತೆ ಆಕಾಶ ನೋಡುವುದು
(ಸುವರ್ಣ ಮಹೋತ್ಸವದ ಹಳೆ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಆಡಿದ ಮಾತುಗಳ ಬರಹರೂಪ)
ಹಳೆ ವಿದ್ಯಾರ್ಥಿ, ಬಿ.ಇ., ಸಾಫ್ಟ್‌ವೇರ್ ಎಂಜಿನಿಯರ್



ಹತ್ತು ನಿಮಿಷ ಮಾತಾಡಬೇಕು ಎಂದು ಕರೆದಾಗ ಸಂಘಟಕರ ಮನಸ್ಸಿನಲ್ಲಿದ್ದ ವಿಷಯ ಸಾಫ್ಟ್‌ವೇರ್ ಕ್ಷೇತ್ರದ ಉದ್ಯೋಗಾವಕಾಶ. ಅದನ್ನು ಊಟದ ಹೊತ್ತಿಗೆ ಯಾರು ಕೇಳಿದರೂ ಹೇಳುತ್ತೇನೆ. ಈಗ ಹೇಳಲು ಹೊರಟಿರುವುದು ಶಾಲೆಗೆ ಬಾರದ ಮಕ್ಕಳ ಬಗ್ಗೆ. ಶಾಲೆಯ ಐವತ್ತನೇ ವರ್ಷದ ವೇದಿಕೆಯಲ್ಲಿ ಇದೆಂಥ ಅಧಿಕಪ್ರಸಂಗ ಎಂದು ಯಾರಿಗಾದರೂ ಅನ್ನಿಸಿದರೆ ಸ್ವಲ್ಪ ತಾಳ್ಮೆ ಇರಲಿ, ಮಾತು ಕೊನೆಗೆ ಈ ಶಾಲೆಯ ಮೈದಾನಕ್ಕೇ ಬರುತ್ತದೆ.

2020ರಲ್ಲಿ ಆಫೀಸು ಮುಚ್ಚಿ, ಲ್ಯಾಪ್‌ಟಾಪ್ ಹಿಡಿದುಕೊಂಡು ನಾನು ಊರಿಗೆ ಬಂದೆ. ಹಾಗೆಯೇ ಬೆಂಗಳೂರಿನಿಂದ ಬಂದ ಒಂದೆರಡು ಕುಟುಂಬಗಳು ಕುಂದಾಪುರದ ಸುತ್ತಮುತ್ತ ಉಳಿದುಕೊಂಡವು. ಶಾಲೆಗಳು ಮತ್ತೆ ತೆರೆದಾಗಲೂ ಅವರು ಮಕ್ಕಳನ್ನು ಕಳಿಸಲಿಲ್ಲ. ಮನೆಯಲ್ಲೇ ಓದಿಸುತ್ತೇವೆ, 14 ತುಂಬಿದ ಮೇಲೆ ಎನ್‌ಐಒಎಸ್ ಮೂಲಕ ಹತ್ತನೇ ತರಗತಿ ಪರೀಕ್ಷೆ ಬರೆಸುತ್ತೇವೆ ಎಂದರು. ಇದು ನಮ್ಮ ಕಡೆಗೆ ತೀರಾ ಹೊಸತೇನಲ್ಲ. ಕೋಟದಲ್ಲಿ ಹುಟ್ಟಿದ ಶಿವರಾಮ ಕಾರಂತರು ಪುತ್ತೂರಿನ ಬಾಲವನದಲ್ಲಿ ತಮ್ಮ ಮಕ್ಕಳನ್ನು ಆರಂಭದ ವರ್ಷಗಳಲ್ಲಿ ಮನೆಯಲ್ಲೇ ಓದಿಸಿದವರು. 1930ರ ದಶಕದಲ್ಲೇ ಮಕ್ಕಳಿಗಾಗಿ ‘ಬಾಲ ಪ್ರಪಂಚ’ದ ಮೂರು ಸಂಪುಟ ಬರೆದವರೂ ಅವರೇ.

ಆ ಮನೆಯವರು ನನ್ನನ್ನು ಕೇಳಿದ್ದು ಮಕ್ಕಳಿಗೆ ಕಂಪ್ಯೂಟರ್ ಹೇಳಿಕೊಡಿ ಎಂದು. ಅದು ಹೇಗೂ ಅವರ ಮನೆಯಲ್ಲಿತ್ತು. ರಾತ್ರಿ ಕಳಿಸಿ, ನಕ್ಷತ್ರ ತೋರಿಸುತ್ತೇನೆ ಎಂದೆ. ಐದು ಮಕ್ಕಳು, ಎಂಟರಿಂದ ಹದಿಮೂರು ವರ್ಷದವರು. ನಮ್ಮ ಮನೆಯ ಹಿರಿಯರೊಬ್ಬರು ಆಗಲೇ ಕೇಳಿದ್ದರು, “ಹ್ವಾಯ್, ನಕ್ಷತ್ರ ಕಂಡ್ರೆ ಹೊಟ್ಟಿ ತುಂಬತ್ತಾ?”

ಮೊದಲ ಪಾಠ 2020ರ ಡಿಸೆಂಬರ್ 21ರ ಸಂಜೆ, ಕೋಡಿ ಕಡಲ ದಂಡೆಯಲ್ಲಿ. ಗುರು ಶನಿ ಎರಡೂ ಒಂದಕ್ಕೊಂದು ಅಂಟಿದಷ್ಟು ಹತ್ತಿರ ಬಂದಿದ್ದವು, ನಡುವೆ ಹುಣ್ಣಿಮೆ ಚಂದ್ರನ ಅಗಲದ ಐದನೇ ಒಂದು ಪಾಲಿನಷ್ಟೇ ಜಾಗ. ಇವೆರಡು ಸುಮಾರು 20 ವರ್ಷಕ್ಕೊಮ್ಮೆ ಭೇಟಿಯಾಗುತ್ತವೆ, ಆದರೆ ಇಷ್ಟು ಹತ್ತಿರ ಬರುವುದು ಇನ್ನು 2080ರಲ್ಲಿ. ಆಗ ನಿಮಗೆಷ್ಟು ವಯಸ್ಸು ಎಂದು ಕೇಳಿದೆ. ಎಲ್ಲರೂ ಬೆರಳು ಮಡಚಿ ಲೆಕ್ಕ ಹಾಕಿದರು. ಎಂಟು ವರ್ಷದವಳು ಹೇಳಿದಳು, “ನಂಗೆ 68. ನಿಮಗೆ?” ಆ ಲೆಕ್ಕ ನಾನು ಮಾಡಲಿಲ್ಲ.

ಮನೆಯಲ್ಲಿ ಓದುವ ಮಕ್ಕಳಿಗೆ ಪೋರ್ಷನ್ ಮುಗಿಸುವ ಗಡಿಬಿಡಿ ಇಲ್ಲ. ಒಂದು ಪ್ರಶ್ನೆ ಹಿಡಿದು ವಾರಗಟ್ಟಲೆ ಕೂರಬಲ್ಲರು. ಅಂಥದ್ದೊಂದು ಪ್ರಶ್ನೆ ಹೇಳುತ್ತೇನೆ. ಜೂನ್‌ನಲ್ಲಿ ಮಳೆ ಹೊಯ್ಯುವಾಗ ನಾವೆಲ್ಲ ‘ಆರ್ದ್ರಾ ಮಳೆ’ ಎನ್ನುತ್ತೇವೆ. ಹುಡುಗನೊಬ್ಬ ಕೇಳಿದ, “ಆರ್ದ್ರಾ ಅಂದ್ರೆ ನಕ್ಷತ್ರ ಅಲ್ವಾ? ಹಾಗಾದ್ರೆ ಆರ್ದ್ರಾ ಮಳೆ ಬರುವಾಗ ಆರ್ದ್ರಾ ಎಲ್ಲಿರ್ತದೆ?” ಕೂಡಲೇ ಉತ್ತರ ಕೊಡಲಿಲ್ಲ. ಮಳೆಗಾಲ ಮುಗಿಯಲಿ ಎಂದೆ. ಡಿಸೆಂಬರ್ ಕೊನೆಯಲ್ಲಿ ಕತ್ತಲಾಗುತ್ತಿದ್ದಂತೆ ಪೂರ್ವದಲ್ಲಿ ಮಹಾವ್ಯಾಧ ಮೂಡಿದ, ಅವನ ಹೆಗಲಲ್ಲಿ ಕೆಂಪಗಿನ ಆರ್ದ್ರೆ. ಜನವರಿ, ಫೆಬ್ರವರಿ, ಮಾರ್ಚ್, ದಿನಾ ಒಂದೇ ಹೊತ್ತಿಗೆ ನೋಡಿ ಪುಸ್ತಕದಲ್ಲಿ ಗುರುತು ಹಾಕಿದರು. ಆರ್ದ್ರೆ ಪಡುವಣಕ್ಕೆ ಜಾರುತ್ತಾ ಜಾರುತ್ತಾ ಮೇ ಕೊನೆಗೆ ಸೂರ್ಯನ ಬೆಳಕಿನಲ್ಲಿ ಮುಳುಗಿಯೇ ಹೋಯಿತು. ಪಂಚಾಂಗ ತೆರೆದು ನೋಡಿದರೆ ಜೂನ್ ಮೂರನೇ ವಾರ ಸೂರ್ಯ ಆರ್ದ್ರೆಯನ್ನು ಸೇರುತ್ತಾನೆ, ಅದನ್ನೇ ‘ಮಹಾನಕ್ಷತ್ರ’ ಎಂದು ಬರೆದಿರುತ್ತಾರೆ. ನಕ್ಷತ್ರ ಇರುವುದು ಸೂರ್ಯನ ಬೆನ್ನ ಹಿಂದೆ, ಹಗಲಿಡೀ ನಮ್ಮ ತಲೆಯ ಮೇಲೆ! ಮಳೆಯ ಹೆಸರೆಂದರೆ ಸೂರ್ಯನ ವಿಳಾಸ ಎಂದು ಆ ಹುಡುಗನೇ ಹೇಳಿದ. ನಮ್ಮ ಮದುವೆ ಕಾಗದಗಳಲ್ಲಿ ‘ಮೇಷ ಮಾಸ ದಿನ 12 ಸಲುವ’ ಎಂದು ಅಚ್ಚಾಗುತ್ತದಲ್ಲ, ಅದೂ ಅಂಥದ್ದೇ ವಿಳಾಸ.

ಎರಡು ವರ್ಷ ಹೀಗೆ ನಡೆಯಿತು. ಆಮೇಲೆ ಒಂದು ಕೊರತೆ ಕಣ್ಣಿಗೆ ಬೀಳತೊಡಗಿತು. ಈ ಮಕ್ಕಳು ದೊಡ್ಡವರ ಜೊತೆ ಚೆನ್ನಾಗಿ ಮಾತಾಡುತ್ತಾರೆ. ನಾನು ಹೇಳಿದ್ದನ್ನು ಅಷ್ಟೇ ಚೆನ್ನಾಗಿ ಒಪ್ಪುತ್ತಾರೆ. “ಅದು ಹಾಗಲ್ಲ ಮಾರಾಯ” ಎನ್ನುವ ಸಮವಯಸ್ಕರು ಅವರಿಗಿಲ್ಲ. ಮೊಬೈಲಿನ ಆ್ಯಪ್ ಆಕಾಶಕ್ಕೆ ಹಿಡಿದರೆ ಹೆಸರು ಬರುತ್ತದೆ, ಹೆಸರು ಬಂದ ಕೂಡಲೇ ನೋಡುವುದು ನಿಲ್ಲುತ್ತದೆ. ಸ್ಟೆಲೇರಿಯಂ ಒಳ್ಳೆಯ ತಂತ್ರಾಂಶ, ಉಚಿತ, ನಾನೂ ಬಳಸುತ್ತೇನೆ. ಆದರೆ ಅದರಲ್ಲಿ ನಮ್ಮೂರಿನ ಮೋಡವಿಲ್ಲ, ತೆಂಗಿನಮರ ಅಡ್ಡ ಬರುವುದಿಲ್ಲ. ಹಾಗಾಗಿ 2023ರಲ್ಲಿ ನಮ್ಮ ಶಾಲೆಯ ವಿಜ್ಞಾನ ಶಿಕ್ಷಕರನ್ನು ಕೇಳಿ ಮೂವರು ಮಕ್ಕಳನ್ನು ಜೊತೆಗೆ ಸೇರಿಸಿಕೊಂಡೆ. ಮೊದಲ ದಿನ ಅವರ ಪ್ರಶ್ನೆ, “ಇದು ಪರೀಕ್ಷೆಗೆ ಬತ್ತಾ ಸರ್?” ಬರುವುದಿಲ್ಲ ಎಂದ ಮೇಲೂ ಕೂತರು.

ಅವರಲ್ಲೊಬ್ಬ ಗಂಗೊಳ್ಳಿ ಕಡೆಯವನು, ಮನೆಯವರು ದೋಣಿಗೆ ಹೋಗುವವರು. ಗುರು, ಶನಿ ಎಲ್ಲಿವೆ ಎಂದು ಅವನಿಗೆ ಗೊತ್ತಿರಲಿಲ್ಲ. ಚಂದ್ರನ ಮಾತು ಬಂದಾಗ ಮಾತ್ರ ಬಾಯಿ ತೆರೆದ. ಅಮಾವಾಸ್ಯೆ, ಹುಣ್ಣಿಮೆಗೆ ಭರತ ಜೋರು, ಅಷ್ಟಮಿ ಹೊತ್ತಿಗೆ ನೀರು ಅಷ್ಟು ಏರುವುದಿಲ್ಲ, ಭರತದ ಹೊತ್ತು ದಿನಕ್ಕೆ ಮುಕ್ಕಾಲು ಗಂಟೆಯ ಮೇಲೆ ಹಿಂದೆ ಬೀಳುತ್ತದೆ ಎಂದ. ಮನೆಯಲ್ಲಿ ಓದುವ ಹುಡುಗಿಯೊಬ್ಬಳು ಚಂದ್ರ ದಿನಕ್ಕೆ ಸರಾಸರಿ 50 ನಿಮಿಷ ತಡವಾಗಿ ಮೂಡುತ್ತಾನೆ ಎಂದು ಪುಸ್ತಕದಲ್ಲಿ ಓದಿದ್ದಳು, ಭರತ ನೋಡಿರಲಿಲ್ಲ. ಒಂದೇ 50 ನಿಮಿಷದ ಎರಡು ತುದಿ ಹಿಡಿದುಕೊಂಡಿದ್ದರು ಇಬ್ಬರೂ. ಅವತ್ತು ನಾನು ಹೇಳಿಕೊಡಬೇಕಾದದ್ದು ಏನೂ ಉಳಿಯಲಿಲ್ಲ.

ಈಗ ನಿಮಗೆ ಹೇಳಲೇಬೇಕಾದ ಪ್ರಯೋಗ. 2025ರ ಏಪ್ರಿಲ್ 26, ಶನಿವಾರ. ನಮ್ಮ ಮೂರು ತಾಲೂಕುಗಳಲ್ಲಿ ಏಪ್ರಿಲ್ 25ರಿಂದ 27ರ ಒಳಗೆ ಸೂರ್ಯ ನಡುಹಗಲಿಗೆ ನೆತ್ತಿಯ ಮೇಲೇ ಬರುತ್ತಾನೆ, ನೆಟ್ಟಗೆ ನಿಂತ ಕಂಬಕ್ಕೆ ನೆರಳಿರುವುದಿಲ್ಲ. ಮೊದಲು ಬ್ರಹ್ಮಾವರ, ನಂತರ ಕುಂದಾಪುರ, ಆಮೇಲೆ ಬೈಂದೂರು. ಉತ್ತರಕ್ಕೆ ಸುಮಾರು 50 ಕಿಲೋಮೀಟರ್ ದಾರಿ, ಸೂರ್ಯನಿಗೆ ಒಂದು ದಿನದ ಮೇಲೆ ಬೇಕು. ನಮ್ಮ ಲೋಕಲ್ ಬಸ್ಸೇ ವಾಸಿ. ನಡುಹಗಲು ಎಂದರೆ ಗಡಿಯಾರದ ಹನ್ನೆರಡಲ್ಲ, ಇಲ್ಲಿ ಆ ದಿನ ಹನ್ನೆರಡೂವರೆಗೆ ಒಂದು ನಿಮಿಷ ಕಡಿಮೆ. ದೇಶದ ಗಡಿಯಾರ ಹೊಂದಿಸಿರುವುದು 82.5 ಡಿಗ್ರಿ ರೇಖಾಂಶಕ್ಕೆ, ನಾವಿರುವುದು 75ಕ್ಕೂ ಈಚೆ.

ಮೂರೂ ಊರಲ್ಲಿ ಒಂದೇ ಹೊತ್ತಿಗೆ ಅಳೆದು ಭೂಮಿಯ ಸುತ್ತಳತೆ ಕಂಡುಹಿಡಿಯುವುದು ಯೋಜನೆ. ಎರಟೋಸ್ತನೀಸ್ ಎರಡು ಸಾವಿರ ವರ್ಷಕ್ಕೂ ಹಿಂದೆ ಈಜಿಪ್ಟಿನಲ್ಲಿ ಮಾಡಿದ್ದೇ ಇದು, ಆದರೆ ಅವನಿಗೆ ಸಿಕ್ಕ ಎರಡು ಊರು ತುಂಬಾ ದೂರ ದೂರ ಇದ್ದವು. ನಮ್ಮ ಬ್ರಹ್ಮಾವರಕ್ಕೂ ಬೈಂದೂರಿಗೂ ವ್ಯತ್ಯಾಸ ಅರ್ಧ ಡಿಗ್ರಿಗೂ ಕಡಿಮೆ. ಒಂದು ಮೀಟರ್ ಕೋಲಿನ ನೆರಳಿನಲ್ಲಿ ಅದು ಎಂಟು ಮಿಲಿಮೀಟರ್ ಕೂಡ ಆಗುವುದಿಲ್ಲ. ಹಿಂದಿನ ವಾರ ಕೋಲು ನೆಟ್ಟು ನೋಡಿದರೆ ನೆರಳಿನ ತುದಿಯೇ ಮಸುಕು, ಎಲ್ಲಿ ಮುಗಿಯುತ್ತದೆಂದು ಇಬ್ಬರು ಒಂದೇ ಮಾತು ಹೇಳುವುದಿಲ್ಲ. ಸೂರ್ಯ ಒಂದು ಚುಕ್ಕೆಯಲ್ಲ, ಅರ್ಧ ಡಿಗ್ರಿ ಅಗಲದ ತಟ್ಟೆ. ಮಸುಕೇ ಒಂಬತ್ತು ಮಿಲಿಮೀಟರ್! ಅಳೆಯಬೇಕಾದದ್ದಕ್ಕಿಂತ ಮಸುಕು ದೊಡ್ಡದು. ಮಕ್ಕಳು ಜಗಳವಾಡಿದರು, ಒಳ್ಳೆಯ ಜಗಳ. ನಮ್ಮ ಶಾಲೆಯ ಹುಡುಗಿಯೊಬ್ಬಳು, ತಂದೆ ಗಾರೆ ಕೆಲಸದವರು, ಹೇಳಿದಳು: ಕೋಲು ಬೇಡ, ತಗಡಿನಲ್ಲಿ ಸೂಜಿ ತೂತು ಮಾಡುವ, ನಮ್ಮ ಮಾಡಿನ ಹಂಚಿನ ತೂತಿನಿಂದ ನೆಲಕ್ಕೆ ದುಂಡು ಬಿಸಿಲು ಬೀಳುತ್ತದಲ್ಲ, ಹಾಗೆ. ದುಂಡಿಗಾದರೆ ನಡು ಉಂಟು. ಅವಳ ಅಪ್ಪನ ತೂಗುಗುಂಡೇ ತೂತಿನ ನೇರ ಕೆಳಗಿನ ಬಿಂದು ಗುರುತಿಸಲು ಬಂತು.

ಶಾಲೆಗೆ ಬೇಸಿಗೆ ರಜೆ. ಅವಳು ಬೈಂದೂರಿನ ಅಜ್ಜನ ಮನೆಯಲ್ಲಿ ಅಳೆದಳು, ಮನೆಯಲ್ಲಿ ಓದುವ ಅಣ್ಣ ತಂಗಿ ಬ್ರಹ್ಮಾವರದಲ್ಲಿ, ಉಳಿದವರು ಕುಂದಾಪುರದಲ್ಲಿ. ಕುಂದಾಪುರದಲ್ಲಿ ಬಿಸಿಲಿನ ದುಂಡು ಸರಿಯಾಗಿ ಗುಂಡಿನ ಕೆಳಗೇ ಬಿತ್ತು. ಬ್ರಹ್ಮಾವರದಲ್ಲಿ ಮೂರೂವರೆ ಮಿಲಿಮೀಟರ್ ದಕ್ಷಿಣಕ್ಕೆ. ಬೈಂದೂರಿನಲ್ಲಿ ಐದು ಮಿಲಿಮೀಟರ್ ಉತ್ತರಕ್ಕೆ. ಒಂದೇ ಸೂರ್ಯ, ಒಂದೇ ನಿಮಿಷ, ಒಂದೂರಿಗೆ ನೆತ್ತಿಯ ಬಡಗಲಲ್ಲಿ, ಮತ್ತೊಂದೂರಿಗೆ ತೆಂಕಲಲ್ಲಿ. ಫೋನಿನಲ್ಲಿ ಇದನ್ನು ಕೇಳಿದಾಗ ಮಕ್ಕಳು ಒಂದು ಕ್ಷಣ ಸುಮ್ಮನಾದರು. ಲೆಕ್ಕ ಹಾಕಿದರೆ ಭೂಮಿಯ ಸುತ್ತಳತೆ 36 ಸಾವಿರ ಕಿಲೋಮೀಟರ್ ಬಂತು. ನಿಜವಾದದ್ದು 40 ಸಾವಿರ. ಆ ನಾಲ್ಕು ಸಾವಿರ ಕಿಲೋಮೀಟರ್ ಎಲ್ಲಿ ಹೋಯಿತೆಂದರೆ, ಒಂದು ಮಿಲಿಮೀಟರಿಗೂ ಕಡಿಮೆ ಅಳತೆಯ ವ್ಯತ್ಯಾಸದಲ್ಲಿ. ಇದಕ್ಕಿಂತ ಚೆನ್ನಾಗಿ ಅಳತೆಯ ಪಾಠ ನನಗೆ ಎಂಜಿನಿಯರಿಂಗ್ ಕಾಲೇಜಿನಲ್ಲೂ ಆಗಲಿಲ್ಲ.

ಮನೆಯಲ್ಲೇ ಓದಿಸುವುದು ಸರಿಯೋ ತಪ್ಪೋ ಎಂದು ನನ್ನನ್ನು ಕೇಳುವವರಿದ್ದಾರೆ. ಅದು ಎಲ್ಲರಿಗೂ ಆಗುವಂಥದ್ದಲ್ಲ. ಹಗಲು ಮನೆಯಲ್ಲಿರುವ, ಓದಿದ, ಪುಸ್ತಕ ಕೊಳ್ಳಬಲ್ಲ ಅಪ್ಪ ಅಮ್ಮ ಬೇಕು. ಬೆಳಿಗ್ಗೆ ಗೇರುಬೀಜದ ಕಾರ್ಖಾನೆಗೆ ಹೋಗುವ ತಾಯಿಗೆ ಈ ಶಾಲೆ, ಇಲ್ಲಿನ ಬಿಸಿಯೂಟ, ಇಲ್ಲಿನ ಶಿಕ್ಷಕರೇ ಗತಿ. ನನ್ನ ತಾಯಿಗೂ ಹಾಗೇ ಇತ್ತು. ನಮ್ಮ ಶಾಲೆಯ ಹಾಜರಿ ಪಟ್ಟಿ ವರ್ಷವರ್ಷ ಸಣ್ಣದಾಗುತ್ತಿರುವುದು ಆ ನಾಲ್ಕೈದು ಮನೆಗಳಿಂದಲ್ಲ, ಬೆಳಿಗ್ಗೆ ಊರೂರಿಗೆ ಬರುವ ಹಳದಿ ಬಸ್ಸುಗಳಿಂದ ಎಂಬುದು ನಿಮಗೂ ಗೊತ್ತು.

ಆದರೆ ಆಕಾಶದ ವಿಷಯದಲ್ಲಿ ಶಾಲೆಗೂ ಒಂದು ತೊಡಕಿದೆ. ಶಾಲೆ ಶುರುವಾಗುವಾಗ ಮಳೆ ಶುರು, ಸೆಪ್ಟೆಂಬರ್ ತನಕ ಮೋಡ. ಆಕಾಶ ತಿಳಿಯಾದರೂ ಶಾಲೆಯ ಗಂಟೆ ನಕ್ಷತ್ರ ಮೂಡುವ ಮೊದಲೇ ಬಾರಿಸುತ್ತದೆ. ನೆರಳಿಲ್ಲದ ದಿನ ಬರುವುದು ಬೇಸಿಗೆ ರಜೆಯಲ್ಲಿ, ಮತ್ತೊಮ್ಮೆ ಬರುವುದು ಆಗಸ್ಟ್ ನಡುವಿನ ಮಳೆಯಲ್ಲಿ. ಶಾಲೆಗೆ ರಾತ್ರಿಯಿಲ್ಲ, ಮನೆಗೆ ಜೊತೆಯಿಲ್ಲ. ಉಡುಪಿಯ ಪೂರ್ಣಪ್ರಜ್ಞ ಕಾಲೇಜಿನ ಹವ್ಯಾಸಿ ಖಗೋಳ ವೀಕ್ಷಕರ ಸಂಘ, ಪಿಲಿಕುಳದ ತಾರಾಲಯ ಇವೆ, ಆದರೆ ಬೈಂದೂರಿನ ಮಗು ತಿಂಗಳು ತಿಂಗಳು ಅಲ್ಲಿಗೆ ಹೋಗಲಾರದು.

ಅದಕ್ಕೇ ಮುಖ್ಯೋಪಾಧ್ಯಾಯರಲ್ಲೂ ಎಸ್‌ಡಿಎಂಸಿಯವರಲ್ಲೂ ನನ್ನ ಕೋರಿಕೆ. ನವೆಂಬರಿನಿಂದ ಮಾರ್ಚ್ ತನಕ ತಿಂಗಳಿಗೊಂದು ಶನಿವಾರ ಸಂಜೆ ಈ ಮೈದಾನದ ಗೇಟು ತೆರೆದಿಡಿ. ಹೆಣ್ಣುಮಕ್ಕಳನ್ನು ರಾತ್ರಿ ಕಳಿಸುವುದು ಹೇಗೆ ಎಂಬ ಪೋಷಕರ ಚಿಂತೆ ನ್ಯಾಯವಾದದ್ದು. ಡಿಸೆಂಬರಿನಲ್ಲಿ ಆರೂಕಾಲರೊಳಗೆ ಸೂರ್ಯ ಮುಳುಗುತ್ತಾನೆ, ಏಳಕ್ಕೆ ಪೂರಾ ಕತ್ತಲು, ಎಂಟಕ್ಕೆ ಎಲ್ಲರೂ ಮನೆಯಲ್ಲಿರಬಹುದು. ಪೋಷಕರೂ ಬರಲಿ. ದೂರದರ್ಶಕ ನನ್ನದಿದೆ. ಆ ಹೊತ್ತಿಗೆ ಮೈದಾನದ ದೊಡ್ಡ ದೀಪ ಮಾತ್ರ ಆರಿಸಿಕೊಡಬೇಕು, ಹಳೆ ವಿದ್ಯಾರ್ಥಿ ಸಂಘ ಈಚೆಗಷ್ಟೇ ಹಾಕಿಸಿದ ದೀಪ, ಕ್ಷಮೆ ಇರಲಿ. ಮನೆಯಲ್ಲಿ ಓದುವ ಮಕ್ಕಳೂ ಆ ದಿನ ಇಲ್ಲಿಗೇ ಬರುತ್ತಾರೆ, ಅವರ ತಂದೆ ತಾಯಂದಿರು ಒಪ್ಪಿದ್ದಾರೆ. ಒಂದು ಹುಣ್ಣಿಮೆ ಸಂಜೆ ಎಲ್ಲರನ್ನೂ ಮರವಂತೆಗೆ ಕರೆದುಕೊಂಡು ಹೋಗುವ ಆಸೆಯೂ ಇದೆ. ಹೆದ್ದಾರಿಯ ಒಂದು ಬದಿ ಕಡಲಿಗೆ ಸೂರ್ಯ ಇಳಿಯುವಾಗ ಇನ್ನೊಂದು ಬದಿ ಸೌಪರ್ಣಿಕೆಯ ಆಚೆಯಿಂದ ಚಂದ್ರ ಏಳುತ್ತಾನೆ. ಹುಣ್ಣಿಮೆ ಎಂದರೇನೆಂದು ಅಲ್ಲಿ ಬೋರ್ಡಿನ ಮೇಲೆ ಚಿತ್ರ ಬರೆಯಬೇಕಾಗಿಲ್ಲ.

ಮಕ್ಕಳೇ, 2026ರ ಏಪ್ರಿಲ್ 26 ಭಾನುವಾರ. ಈ ಸಲ ತೂತು ಎರಡು ಮೀಟರ್ ಎತ್ತರಕ್ಕೆ ಕಟ್ಟುವ, ವ್ಯತ್ಯಾಸವೂ ಇಮ್ಮಡಿ ಸಿಗುತ್ತದೆ. ಬ್ರಹ್ಮಾವರ, ಬೈಂದೂರು ಕಡೆ ಅಜ್ಜನ ಮನೆಯೋ ನೆಂಟರ ಮನೆಯೋ ಇರುವವರು, ರಜೆಗೆ ಅಲ್ಲಿಗೆ ಹೋಗುವವರು, ವಿಜ್ಞಾನ ಶಿಕ್ಷಕರಲ್ಲಿ ಹೆಸರು ಕೊಡಿ. ಶಿರೂರಿನವರಿದ್ದರೆ ಇನ್ನೂ ಒಳ್ಳೆಯದು, ಅದು ಬೈಂದೂರಿಗಿಂತ ಉತ್ತರಕ್ಕಿದೆ. ತಗಡಿನ ತುಂಡು, ಸೂಜಿ, ಗಟ್ಟಿ ದಾರ, ಮಿಲಿಮೀಟರ್ ಗೆರೆಯಿರುವ ಸ್ಕೇಲು ಸಾಕು. ತೂಗುಗುಂಡು ಎರಡು ಮಾತ್ರ ಇವೆ, ಮನೆಯಲ್ಲಿ ಗಾರೆ ಕೆಲಸದವರಿದ್ದರೆ ಕೇಳಿ ತನ್ನಿ.